ಸರ್ಟಿಫಿಕೇಟ್ ಸರಿ ಉಂಟು, ಹಡಗು ಸರಿ ಉಂಟಾ? ಆಫ್‌ಶೋರ್ ಹಡಗು ತಪಾಸಣೆ ಮಾಡುವವರಿಗೆ ಏನೇನು ಕಲಿಸ್ತಾರೆ

2021ರ ಮೇ ತಿಂಗಳಲ್ಲಿ ಬಂದ ತೌಕ್ತೆ ಚಂಡಮಾರುತವನ್ನು ನಮ್ಮ ಕರಾವಳಿಯವರು ಇನ್ನೂ ಮರೆತಿಲ್ಲ. ಮುಲ್ಕಿ-ಕಾಪು ಕಡಲಿನಲ್ಲಿ ಬಂಡೆಗೆ ಸಿಕ್ಕಿಕೊಂಡ ‘ಕೋರಮಂಡಲ್ ಸಪೋರ್ಟರ್ 9’ ಟಗ್‌ನಿಂದ ಒಂಬತ್ತು ಮಂದಿಯನ್ನು ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆ ಸೇರಿ ರಕ್ಷಿಸಿದ್ದನ್ನು ಜನ ದಡದಲ್ಲಿ ನಿಂತು ನೋಡಿದ್ದರು. ಅದೇ ದಿನಗಳಲ್ಲಿ ‘ಅಲಯನ್ಸ್’ ಎಂಬ ಇನ್ನೊಂದು ಟಗ್ ಮಗುಚಿ ಪಡುಬಿದ್ರಿ ದಡಕ್ಕೆ ಬಂತು. ಅದರಲ್ಲಿದ್ದ ಕೆಲವರು ಈಜಿ ದಡ ಸೇರಿದರು, ಕೆಲವರು ಸೇರಲಿಲ್ಲ. ಮುಂಬೈ ಹೊರಗಿನ ತೈಲ ಪ್ರದೇಶದಲ್ಲಿ ‘ಪಿ-305’ ಬಾರ್ಜ್ ಮುಳುಗಿತು. 261 ಮಂದಿ ಇದ್ದ ಆ ಬಾರ್ಜ್‌ನಿಂದ ಜೀವಂತ ಸಿಕ್ಕಿದ್ದು 186 ಮಂದಿ. ಹಲವು ಲೈಫ್‌ರಾಫ್ಟ್‌ಗಳು ತೂತಾಗಿದ್ದವು ಅಂತ ಬದುಕಿ ಬಂದವರು ಆಗ ಹೇಳಿದ್ದರು.

ಈ ಮೂರೂ ಘಟನೆಗಳ ಕಾರಣ ಒಂದೇ ಅಂತ ಇಲ್ಲಿ ಹೇಳುತ್ತಿಲ್ಲ. ಆದರೆ ಆಗ ಜನ ಕೇಳಿದ ಪ್ರಶ್ನೆ ಒಂದೇ: “ಇಂಥ ಹಡಗುಗಳನ್ನು ಯಾರೂ ಚೆಕ್ ಮಾಡುವುದಿಲ್ವಾ?” ಮಾಡ್ತಾರೆ. ಚೆಕ್ ಮಾಡುವವರಿಗೂ ಪ್ರತ್ಯೇಕ ತರಬೇತಿ ಉಂಟು. ಅದರ ಪೂರ್ತಿ ವಿವರ ಇಲ್ಲಿದೆ.

ಆಫ್‌ಶೋರ್ ಹಡಗು ಅಂದ್ರೆ ಯಾವುದು?

ಸರಕು ತುಂಬಿಕೊಂಡು ಒಂದು ಬಂದರಿನಿಂದ ಇನ್ನೊಂದಕ್ಕೆ ಹೋಗುವ ಹಡಗು ಬೇರೆ, ಕಡಲಿನಲ್ಲೇ ನಿಂತು ಕೆಲಸ ಮಾಡುವ ಹಡಗು ಬೇರೆ. ತೈಲ ಬಾವಿಗೆ ಸಾಮಾನು ಒಯ್ಯುವ ಸಪ್ಲೈ ಹಡಗು, ರಿಗ್‌ನ ಲಂಗರು ಎತ್ತಿ ಇಳಿಸುವ ಹಡಗು, ಮುಳುಗುಗಾರರನ್ನು ಇಳಿಸುವ ಹಡಗು, ಕೆಲಸಗಾರರು ಉಳಿಯುವ ಬಾರ್ಜ್, ಟಗ್, ಸಣ್ಣ ವರ್ಕ್‌ಬೋಟ್ – ಇವೆಲ್ಲ ಎರಡನೇ ಗುಂಪಿನವು. ಮಂಗಳೂರಿನ ಹೊರಗೆ ಕಡಲಿನಲ್ಲಿ ಕಚ್ಚಾತೈಲ ಇಳಿಸುವ ತೇಲುವ ಬೋಯೆ ಉಂಟಲ್ಲ, ಅದನ್ನು ನೋಡಿಕೊಳ್ಳುವುದಕ್ಕೂ ಟಗ್ ಬೇಕು. ನಮ್ಮ ಮಲ್ಪೆಯ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್‌ನಲ್ಲೂ ಟಗ್‌ಗಳು ತಯಾರಾಗುತ್ತವೆ. ಹಾಗಾಗಿ ಇದು ದೂರದ ಊರಿನ ವಿಷಯ ಅಲ್ಲ.

ಯಾರ್ಯಾರು ತಪಾಸಣೆ ಮಾಡ್ತಾರೆ?

ಒಂದು ಹಡಗಿಗೆ ನಾಲ್ಕು ಕಡೆಯಿಂದ ತಪಾಸಣೆ ಇರುತ್ತದೆ.

ಮೊದಲನೆಯದು ಹಡಗು ಯಾವ ದೇಶದ ಬಾವುಟ ಹಾರಿಸುತ್ತದೋ ಆ ದೇಶದ ಸರ್ಕಾರದ್ದು. ಭಾರತದ ಹಡಗುಗಳಿಗೆ ಮುಂಬೈಯ ಡಿಜಿ ಶಿಪ್ಪಿಂಗ್. ಎರಡನೆಯದು ಕ್ಲಾಸ್ ಸಂಸ್ಥೆಯದ್ದು. ಹಡಗಿನ ಒಡಲು, ಇಂಜಿನ್ ಎಲ್ಲ ನಿಯಮದ ಪ್ರಕಾರ ಇದೆಯಾ ಅಂತ ನೋಡುವುದು ಇವರ ಕೆಲಸ. ನಮ್ಮಲ್ಲಿ 1975ರಲ್ಲಿ ಶುರುವಾದ ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್ ಇಂಥ ಸಂಸ್ಥೆ. ಮೂರನೆಯದು, ವಿದೇಶಿ ಹಡಗು ಬಂದರಿಗೆ ಬಂದಾಗ ಆ ಬಂದರಿನ ದೇಶ ಮಾಡುವ ತಪಾಸಣೆ.

ನಾಲ್ಕನೆಯದು ಹಡಗನ್ನು ಬಾಡಿಗೆಗೆ ತೆಗೆದುಕೊಳ್ಳುವ ಕಂಪನಿಯ ತಪಾಸಣೆ. ಮೊದಲ ಮೂರು ಕಾನೂನು ಮತ್ತು ನಿಯಮದ್ದಾದರೆ ಇದು ವ್ಯವಹಾರದ್ದು. “ನಮ್ಮ ಜನರನ್ನು ಈ ಹಡಗಿಗೆ ಹತ್ತಿಸಬಹುದಾ?” ಅನ್ನುವುದಕ್ಕೆ ಉತ್ತರ ಹುಡುಕುವ ತಪಾಸಣೆ. ಈ ಲೇಖನ ಮುಖ್ಯವಾಗಿ ಇದರ ಬಗ್ಗೆ.

ಇದಕ್ಕೆ ಜಗತ್ತಿನಲ್ಲಿ ಎರಡು ವ್ಯವಸ್ಥೆಗಳು ಹೆಚ್ಚು ಚಾಲ್ತಿಯಲ್ಲಿವೆ. 1967ರಲ್ಲಿ ಇಂಗ್ಲೆಂಡ್ ಕರಾವಳಿಯಲ್ಲಿ ‘ಟೋರಿ ಕ್ಯಾನ್ಯನ್’ ಟ್ಯಾಂಕರ್ ಬಂಡೆಗೆ ಹೊಡೆದು ತೈಲ ಚೆಲ್ಲಿದ ಮೇಲೆ, 1970ರಲ್ಲಿ ತೈಲ ಕಂಪನಿಗಳು ಸೇರಿ ಓಸಿಐಎಂಎಫ್ ಎಂಬ ಒಕ್ಕೂಟ ಮಾಡಿಕೊಂಡವು. ಈ ಒಕ್ಕೂಟ 2010ರಲ್ಲಿ ಆಫ್‌ಶೋರ್ ಹಡಗುಗಳಿಗೆಂದೇ ‘ಓವಿಐಡಿ’ ಎಂಬ ತಪಾಸಣಾ ವ್ಯವಸ್ಥೆ ತಂದಿತು. ಇನ್ನೊಂದು, ಕಡಲ ಗುತ್ತಿಗೆದಾರರ ಸಂಘಟನೆ ‘ಇಮ್ಕಾ’ದ ‘ಸಿಎಂಐಡಿ’. ಇದು 1999ರಿಂದ ಇದೆ. ಸಣ್ಣ ವರ್ಕ್‌ಬೋಟ್‌ಗಳಿಗೆ ಇದರಲ್ಲೇ ಬೇರೆ ನಮೂನೆ ಉಂಟು. ಸಿಎಂಐಡಿ ತಪಾಸಣೆ ಮಾಡುವವರಿಗೆ ಕೊಡುವ ಮಾನ್ಯತೆಗೆ ‘ಎವಿಐ’ ಅಂತಾರೆ.

ಪಾಸ್ ಇಲ್ಲ, ಫೇಲ್ ಇಲ್ಲ

ಈ ತಪಾಸಣೆಯಲ್ಲಿ ಮಾರ್ಕ್ ಕೊಡುವ ಪದ್ಧತಿ ಇಲ್ಲ. ‘ಹಡಗು ಪಾಸ್’ ಅಂತ ತಪಾಸಕ ಬರೆಯುವ ಹಾಗಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆಯಬೇಕು. ಹಡಗಿನ ಮಾಲೀಕರು ಅದಕ್ಕೆ ಉತ್ತರ ಕೊಡಬಹುದು. ಕೊನೆಗೆ ವರದಿ ಓದಿ ತೀರ್ಮಾನ ಮಾಡುವುದು ಬಾಡಿಗೆಗೆ ಪಡೆಯುವ ಕಂಪನಿ.

ಇಲ್ಲೇ ತರಬೇತಿಯ ಮಹತ್ವ ಇರುವುದು. ತೀರ್ಮಾನ ಮಾಡುವವರು ಎಲ್ಲೋ ಆಫೀಸಿನಲ್ಲಿ ಕೂತಿರುತ್ತಾರೆ, ಹಡಗನ್ನು ನೋಡಿರುವುದಿಲ್ಲ. ಅವರಿಗೆ ಇರುವುದು ತಪಾಸಕನ ಕಣ್ಣು ಮಾತ್ರ. ಆ ಕಣ್ಣು ತಪ್ಪಿದರೆ ಕಾಗದದಲ್ಲಿ ಎಲ್ಲ ಸರಿ ಇರುತ್ತದೆ, ಕಡಲಿನಲ್ಲಿ ಇರುವುದಿಲ್ಲ.

ಯಾರಿಗೆ ಈ ತರಬೇತಿ?

ಸಾಮಾನ್ಯವಾಗಿ ಕ್ಯಾಪ್ಟನ್, ಚೀಫ್ ಇಂಜಿನಿಯರ್ ಆಗಿ ಹಡಗಿನಲ್ಲಿ ದುಡಿದವರು, ಇಲ್ಲವೇ ಮೆರೈನ್ ಸರ್ವೆಯರ್‌ಗಳು ಈ ಕೆಲಸಕ್ಕೆ ಬರುತ್ತಾರೆ. “ಮೂವತ್ತು ವರ್ಷ ಸಮುದ್ರದಲ್ಲಿದ್ದವನಿಗೆ ಪುನಃ ಎಂಥ ತರಬೇತಿ?” ಅಂತ ಕೇಳಬಹುದು. ಹಡಗು ನಡೆಸುವುದು ಒಂದು ವಿದ್ಯೆ. ಇನ್ನೊಬ್ಬರ ಹಡಗನ್ನು ಕೆಲವೇ ಗಂಟೆಗಳಲ್ಲಿ ಓದುವುದು ಬೇರೆಯೇ ವಿದ್ಯೆ. ‘ನಮ್ಮ ಕಾಲದಲ್ಲಿ ಹೀಗೇ ಮಾಡ್ತಿದ್ದೆವು’ ಅನ್ನುವ ಅಭ್ಯಾಸವನ್ನು ಬಿಡಿಸುವುದೂ ತರಬೇತಿಯ ಭಾಗ.

ಮುಖ್ಯ ಪಾಠ: ‘ಉಂಟಾ’ ಅಂತ ಕೇಳಬೇಡಿ, ‘ತೋರಿಸಿ’ ಅನ್ನಿ

ಉದಾಹರಣೆಗೆ ಲೈಫ್‌ರಾಫ್ಟ್ ತೆಗೆದುಕೊಳ್ಳಿ. ಹಡಗಿನ ಬದಿಯಲ್ಲಿ ಬಿಳಿ ಡ್ರಮ್ಮಿನ ಹಾಗೆ ಕಟ್ಟಿಟ್ಟಿರುತ್ತಾರಲ್ಲ, ಅದೇ. ಹಡಗು ಮುಳುಗಿದರೆ ಸುಮಾರು 1.5ರಿಂದ 4 ಮೀಟರ್ ಆಳದಲ್ಲಿ ನೀರಿನ ಒತ್ತಡಕ್ಕೆ ಒಂದು ಸಣ್ಣ ಸಾಧನ ಕೆಲಸ ಮಾಡಿ ಕಟ್ಟನ್ನು ಬಿಡಿಸುತ್ತದೆ. ರಾಫ್ಟ್ ಮೇಲೆ ಬರುತ್ತದೆ, ಹಗ್ಗ ಎಳೆದು ಗಾಳಿ ತುಂಬುತ್ತದೆ. ಆಮೇಲೆ ಬೇಕೆಂದೇ ದುರ್ಬಲವಾಗಿ ಮಾಡಿಟ್ಟ ಒಂದು ಕೊಂಡಿ ತುಂಡಾಗಿ, ರಾಫ್ಟ್ ಹಡಗಿನಿಂದ ಬೇರೆಯಾಗುತ್ತದೆ.

ಈಗ ಯಾರೋ ಆ ಹಗ್ಗವನ್ನು ಕೊಂಡಿಗೆ ಹಾಕುವ ಬದಲು ನೇರವಾಗಿ ಡೆಕ್ಕಿಗೆ ಗಟ್ಟಿಯಾಗಿ ಕಟ್ಟಿದ್ದಾರೆ ಅಂತಿಟ್ಟುಕೊಳ್ಳಿ. ರಾಫ್ಟಿನ ವಾರ್ಷಿಕ ಸರ್ವಿಸ್ ಆಗಿದೆ, ಸರ್ಟಿಫಿಕೇಟ್ ಉಂಟು, ಎರಡು ವರ್ಷಕ್ಕೊಮ್ಮೆ ಬದಲಿಸುವ ಸಾಧನದ ತಾರೀಕೂ ಸರಿ ಇದೆ. ‘ರಾಫ್ಟ್ ಉಂಟಾ?’ ಅಂದರೆ ‘ಉಂಟು’. ಆದರೆ ಹಡಗು ಮುಳುಗಿದರೆ ರಾಫ್ಟನ್ನೂ ತನ್ನ ಜತೆ ಕೆಳಗೆ ಎಳೆದುಕೊಂಡು ಹೋಗುತ್ತದೆ. ಹಗ್ಗ ಎಲ್ಲಿ ಕಟ್ಟಿದೆ ಅಂತ ಬಗ್ಗಿ ನೋಡಿದವನಿಗೆ ಮಾತ್ರ ಇದು ಗೊತ್ತಾಗುವುದು.

ತಪಾಸಕ ಮಾತ್ರ ಯಾವ ಯಂತ್ರವನ್ನೂ ತಾನೇ ಮುಟ್ಟಿ ನಡೆಸಬಾರದು. ಹಡಗಿನ ಸಿಬ್ಬಂದಿಯಿಂದಲೇ ಮಾಡಿಸಬೇಕು. ತುರ್ತು ಬೆಂಕಿ ಪಂಪ್ ಸ್ಟಾರ್ಟ್ ಮಾಡಿಸಿದರೆ ಪಂಪೂ ಗೊತ್ತಾಗುತ್ತದೆ, ನಡೆಸುವವನ ಕೈಯೂ ಗೊತ್ತಾಗುತ್ತದೆ. ಹೊಸದಾಗಿ ಸೇರಿದ ಹುಡುಗನನ್ನು ಕರೆದು “ಅಲಾರಂ ಆದರೆ ನೀನು ಎಲ್ಲಿಗೆ ಹೋಗ್ತಿ, ತೋರಿಸು ನೋಡುವ” ಅನ್ನಬೇಕು. ಅವನು ಪಕ್ಕದವನ ಮುಖ ನೋಡಿದರೆ, ತಿಂಗಳಿಗೊಮ್ಮೆ ಡ್ರಿಲ್ ಆಗಿದೆ ಅಂತ ಪುಸ್ತಕದಲ್ಲಿ ಬರೆದದ್ದಕ್ಕೆ ಬೆಲೆ ಎಷ್ಟು ಅಂತ ಅಲ್ಲೇ ತಿಳಿಯುತ್ತದೆ.

ಟಗ್‌ನಲ್ಲಿ ಬಾಗಿಲೇ ಪ್ರಾಣ

ಟಗ್‌ಗಳಿಗೆ ಬೇರೆ ಪಾಠ. ಎಳೆಯುವ ಹಗ್ಗ ಅಡ್ಡಕ್ಕೆ ಬಿಗಿದುಕೊಂಡರೆ ಟಗ್ ಕೆಲವೇ ಕ್ಷಣಗಳಲ್ಲಿ ಮಗುಚಬಹುದು. ಹಾಗಾಗಿ ಹಗ್ಗವನ್ನು ತುರ್ತಾಗಿ ಬಿಡುವ ಹುಕ್ ಕೆಲಸ ಮಾಡುತ್ತದಾ ಅಂತ ನೋಡಲೇಬೇಕು. ಇನ್ನೊಂದು, ಇಂಜಿನ್ ರೂಮಿನ ಬಾಗಿಲು. ಒಳಗೆ ಸೆಖೆ ಅಂತ ಬಾಗಿಲು ತೆರೆದು ಹಗ್ಗ ಕಟ್ಟಿಡುವುದು ಸಾಮಾನ್ಯ. ಟಗ್ ವಾಲಿದಾಗ ನೀರು ಒಳಗೆ ಬರುವುದೂ ಅದೇ ದಾರಿಯಲ್ಲಿ. ಬಾಗಿಲು ಗಟ್ಟಿ ಕೂರುತ್ತದಾ ಅಂತ ನೋಡಲು ಅಂಚಿಗೆ ಸೀಮೆಸುಣ್ಣ ಉಜ್ಜಿ ಮುಚ್ಚಿಸುತ್ತಾರೆ. ರಬ್ಬರಿನ ಮೇಲೆ ಸುಣ್ಣದ ಗೆರೆ ಎಲ್ಲಿ ತುಂಡಾಗಿದೆಯೋ ಅಲ್ಲಿ ನೀರು ಬರುತ್ತದೆ. ನಾಲ್ಕು ರೂಪಾಯಿಯ ಚಾಕ್‌ಪೀಸ್ ಹೇಳುವ ಸತ್ಯ ಇದು!

ನಿದ್ದೆಯ ಲೆಕ್ಕ

ಅಂತಾರಾಷ್ಟ್ರೀಯ ನಿಯಮದಲ್ಲಿ ವಿಶ್ರಾಂತಿಯ ಲೆಕ್ಕ ಇರುವುದು ಹೀಗೆ: ನಾವಿಕನಿಗೆ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, 7 ದಿನದಲ್ಲಿ ಕನಿಷ್ಠ 77 ಗಂಟೆ ವಿಶ್ರಾಂತಿ ಸಿಗಬೇಕು. ಎಲ್ಲ ಹಡಗುಗಳಲ್ಲೂ ಇದರ ಪಟ್ಟಿ ನೀಟಾಗಿ ತುಂಬಿರುತ್ತದೆ. ತರಬೇತಿಯಲ್ಲಿ ಕಲಿಸುವುದು, ಈ ಪಟ್ಟಿಯನ್ನು ಡೆಕ್ ಲಾಗ್‌ಬುಕ್ ಜತೆ ತಾಳೆ ನೋಡುವುದು. ರಾತ್ರಿ 2 ಗಂಟೆಗೆ ಲಂಗರು ಎತ್ತಿದರು ಅಂತ ಲಾಗ್‌ಬುಕ್ ಹೇಳುತ್ತದೆ. ಅದೇ 2 ಗಂಟೆಗೆ ಡೆಕ್ಕಿನವರೆಲ್ಲ ನಿದ್ದೆಯಲ್ಲಿದ್ದರು ಅಂತ ಪಟ್ಟಿ ಹೇಳುತ್ತದೆ. ಹಾಗಾದರೆ ಲಂಗರು ಎತ್ತಿದ್ದು ಯಾರು?

ಹೊಸ ಹಡಗಾದರೆ ಭಯ ಇಲ್ವಾ?

ಇದಕ್ಕೆ ಉತ್ತರ ‘ಬೋರ್ಬನ್ ಡಾಲ್ಫಿನ್’. 2007ರ ಏಪ್ರಿಲ್ 12ರಂದು ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್‌ಲ್ಯಾಂಡ್ ದ್ವೀಪಗಳ ಹತ್ತಿರ ರಿಗ್‌ನ ಲಂಗರು ಸಾಗಿಸುತ್ತಿದ್ದಾಗ ಈ ನಾರ್ವೆಯ ಹಡಗು ಮಗುಚಿತು. 15 ಮಂದಿಯಲ್ಲಿ 8 ಮಂದಿ ಸತ್ತರು. ಹಡಗಿಗೆ ಆಗ ಒಂದು ವರ್ಷವೂ ಆಗಿರಲಿಲ್ಲ. ನಾರ್ವೆ ಸರ್ಕಾರದ ತನಿಖಾ ಆಯೋಗ ಒಂದೇ ಕಾರಣ ಹೇಳಲಿಲ್ಲ. ಹಡಗಿನ ಸಮತೋಲನದ ಮಿತಿ ಸಿಬ್ಬಂದಿಗೆ ಸರಿಯಾಗಿ ಗೊತ್ತಿರಲಿಲ್ಲ, ಹೊಸ ಕ್ಯಾಪ್ಟನ್‌ಗೆ ಹಡಗಿನ ಪರಿಚಯ ಮಾಡಿಕೊಳ್ಳಲು ಸಮಯ ಸಾಕಾಗಲಿಲ್ಲ, ಕೆಲಸದ ಯೋಜನೆಯಲ್ಲೂ ಕೊರತೆ ಇತ್ತು – ಹೀಗೆ ಹಲವು ಸೇರಿದ್ದವು. ಬಣ್ಣ, ತುಕ್ಕು ನೋಡಿ ಇದ್ಯಾವುದೂ ಗೊತ್ತಾಗುವುದಿಲ್ಲ. ಅದಕ್ಕೇ ಈ ಹಡಗು ಯಾವ ಕೆಲಸಕ್ಕೆ ಹೋಗುತ್ತದೆ, ಆ ಕೆಲಸದ ಮಿತಿ ಇಲ್ಲಿರುವವರಿಗೆ ಗೊತ್ತುಂಟಾ ಅಂತ ಕೇಳಲು ತಪಾಸಕರಿಗೆ ಕಲಿಸುತ್ತಾರೆ.

ಬರೆಯುವುದೂ ಒಂದು ಪಾಠ

‘ರಕ್ಷಣಾ ಸಾಮಾನು ಸರಿ ಇಲ್ಲ’ ಅಂತ ಬರೆದರೆ ಯಾರಿಗೂ ಉಪಯೋಗ ಇಲ್ಲ. ‘ಬಲಬದಿಯ ಲೈಫ್‌ರಾಫ್ಟಿನ ಹಗ್ಗವನ್ನು ಕೊಂಡಿ ಬಿಟ್ಟು ಡೆಕ್ಕಿಗೆ ಕಟ್ಟಲಾಗಿತ್ತು, ತಪಾಸಣೆಯ ಹೊತ್ತಿನಲ್ಲೇ ಸರಿಮಾಡಿದರು’ ಅಂತ ಬರೆಯಬೇಕು. ಎಲ್ಲಿ, ಏನು, ಎಷ್ಟು, ಸರಿಯಾಯಿತಾ – ಇಷ್ಟು ಇರಬೇಕು. ಬರೆಯುವುದನ್ನೆಲ್ಲ ಹಡಗಿನಿಂದ ಇಳಿಯುವ ಮೊದಲೇ ಕ್ಯಾಪ್ಟನ್‌ಗೆ ಮುಖತಃ ಹೇಳಬೇಕು. ಎದುರಿಗೆ ನಗುತ್ತಾ ಚಾ ಕುಡಿದು, ಹಿಂದಿನಿಂದ ಬರೆಯುವ ಹಾಗಿಲ್ಲ.

ಒತ್ತಡ ಎಲ್ಲಿಂದ ಬರುತ್ತದೆ?

ಹಡಗಿನ ಬಾಡಿಗೆ ದಿನದ ಲೆಕ್ಕದಲ್ಲಿರುತ್ತದೆ. ಕೆಲಸ ನಿಂತರೆ ಮಾಲೀಕರಿಗೆ ನಷ್ಟ, ಕಂಪನಿಗೂ ನಷ್ಟ. “ಸಣ್ಣ ವಿಷಯ ಸಾರ್, ಬಿಟ್ಟುಬಿಡಿ, ಮುಂದಿನ ಟ್ರಿಪ್ಪಿಗೆ ಸರಿ ಮಾಡ್ತೇವೆ” ಅನ್ನುವವರು ಇರುತ್ತಾರೆ. ತಪಾಸಣೆಯ ಫೀಸ್ ಹಡಗಿನ ಕಡೆಯವರೇ ಕೊಡುವ ಸಂದರ್ಭದಲ್ಲಿ ಇದು ಇನ್ನೂ ಕಷ್ಟ. ಹಾಗಾಗಿ ಉಡುಗೊರೆ ತೆಗೆದುಕೊಳ್ಳಬಾರದು, ತನಗೆ ಸಂಬಂಧ ಇರುವ ಹಡಗಿನ ತಪಾಸಣೆ ಒಪ್ಪಿಕೊಳ್ಳಬಾರದು, ನೋಡಲು ಆಗದೇ ಇದ್ದದ್ದನ್ನು ‘ನೋಡಿಲ್ಲ’ ಅಂತಲೇ ಬರೆಯಬೇಕು. ಕೊನೆಯದು ಕೇಳಲು ಸುಲಭ. ಆದರೆ ಕತ್ತಲಾಗಿದೆ, ಮಳೆ ಬರುತ್ತಿದೆ, ಇನ್ನೂ ನಲವತ್ತು ಪ್ರಶ್ನೆ ಬಾಕಿ ಇದೆ ಅನ್ನುವಾಗ ‘ಹೌದು’ ಅಂತ ಟಿಕ್ ಹಾಕದೇ ಇರುವುದಕ್ಕೆ ಗಟ್ಟಿತನ ಬೇಕು.

ನಮ್ಮ ಅಂಗಡಿಯವರಿಗೂ ಸಂಬಂಧ ಉಂಟು

ಬಂದರಿನ ಸುತ್ತಮುತ್ತ ಹಗ್ಗ, ಶ್ಯಾಕಲ್, ಸ್ಲಿಂಗ್, ಬೆಂಕಿ ನಂದಿಸುವ ಸಿಲಿಂಡರ್ ಮಾರುವ, ರೀಫಿಲ್ ಮಾಡುವ ಅಂಗಡಿಗಳಿವೆ. ತಪಾಸಕರು ಶ್ಯಾಕಲ್ ಮೇಲೆ ಕೊರೆದ ನಂಬರನ್ನು ಅದರ ಟೆಸ್ಟ್ ಸರ್ಟಿಫಿಕೇಟಿನ ನಂಬರಿಗೆ ತಾಳೆ ನೋಡುತ್ತಾರೆ. ಎಷ್ಟು ಭಾರ ಎತ್ತಬಹುದು ಅನ್ನುವ ಗುರುತು ಇಲ್ಲದ ಶ್ಯಾಕಲ್ ಸಿಕ್ಕಿದರೆ ಅದನ್ನು ಬದಿಗಿಡಬೇಕಾಗುತ್ತದೆ. ಹಾಗಾಗಿ ಹಡಗಿಗೆ ಸಾಮಾನು ಕೊಡುವವರು ಈ ಮೂರು ವಿಷಯ ನೆನಪಿಡಿ:

• ಭಾರ ಎತ್ತುವ ಸಾಮಾನು ಕೊಡುವಾಗ ಅದೇ ನಂಬರಿನ ಟೆಸ್ಟ್ ಸರ್ಟಿಫಿಕೇಟ್ ಜತೆಗೇ ಕೊಡಿ.
• ಸಿಲಿಂಡರ್ ಮೇಲೆ ಸ್ಟಿಕ್ಕರ್ ಬದಲಿಸಿದರೆ ಸರ್ವಿಸ್ ಆದ ಹಾಗಲ್ಲ. ಮಾಡದ ಕೆಲಸಕ್ಕೆ ತಾರೀಕು ಹಾಕಬೇಡಿ.
• ಬಿಲ್ಲಿನಲ್ಲಿ ಸೈಜ್, ನಂಬರ್ ಸರಿಯಾಗಿ ಬರೆಯಿರಿ.

ಮನೆಯವರು ಕೇಳಬಹುದಾದ ಪ್ರಶ್ನೆಗಳು

ನಮ್ಮ ತಾಲೂಕಿನ ಎಷ್ಟೋ ಮನೆಗಳ ಹುಡುಗರು ಟಗ್, ಬಾರ್ಜ್, ಸಪ್ಲೈ ಹಡಗುಗಳಲ್ಲಿ ಇದ್ದಾರೆ. ಸಂಬಳ ಎಷ್ಟು ಅಂತ ಎಲ್ಲರೂ ಕೇಳ್ತೇವೆ. ಫೋನ್ ಮಾಡಿದಾಗ ಇದನ್ನೂ ಕೇಳಿ:

• ಹಡಗಿಗೆ ಹತ್ತಿದ ದಿನ ನಿನಗೆ ಯಾರಾದರೂ ಸುತ್ತ ತೋರಿಸಿದ್ರಾ?
• ನಿನ್ನ ಲೈಫ್‌ಜಾಕೆಟ್ ಎಲ್ಲಿದೆ? ಹಾಕಿ ನೋಡಿದ್ಯಾ?
• ನಿನ್ನ ರಾಫ್ಟ್ ಯಾವುದು? ಅದನ್ನು ಇಳಿಸುವುದು ಹೇಗೆ?
• ಈ ತಿಂಗಳು ಡ್ರಿಲ್ ನಿಜವಾಗಿ ಆಯಿತಾ, ಸಹಿ ಮಾತ್ರ ಹಾಕಿದ್ದಾ?
• ಸರಿಯಾಗಿ ನಿದ್ದೆ ಸಿಗ್ತದಾ?

ತಪಾಸಕ ವರ್ಷಕ್ಕೆ ಒಂದೋ ಎರಡೋ ಸಲ ಹಡಗಿಗೆ ಬಂದು ಹೋಗುತ್ತಾನೆ. ಉಳಿದ ದಿನ ಅಲ್ಲಿರುವುದು ನಮ್ಮ ಹುಡುಗರು. ರಾಫ್ಟಿನ ಹಗ್ಗ ಎಲ್ಲಿ ಕಟ್ಟಿದೆ ಅಂತ ಬಗ್ಗಿ ನೋಡಲು ಅವರಿಗೂ ಗೊತ್ತಿರಬೇಕು. ತಪ್ಪಾಗಿ ಕಟ್ಟಿದ್ದು ಕಂಡರೆ ಕ್ಯಾಪ್ಟನ್‌ಗೆ ಹೇಳಲು ಹಿಂಜರಿಯಬೇಕಾಗಿಲ್ಲ.