ಸಭಾ ಬೆಳವಣಿಗೆಯ ನಾಯಕತ್ವ: ದೋರ್ನಕಲ್ ಮಾದರಿ

ಕ್ರೈಸ್ತ ಸಭೆ ಹೊಸ ನೆಲದಲ್ಲಿ ಬೇರುಬಿಟ್ಟು, ಹೊರಗಿನವರ ಆಸರೆಯಿಲ್ಲದೆ ತನ್ನ ಕಾಲ ಮೇಲೆ ನಿಲ್ಲುವಂತೆ ಅದನ್ನು ನಡೆಸುವ ರೀತಿನೀತಿಗಳಿಗೆ ಸಭಾ ಬೆಳವಣಿಗೆಯ ನಾಯಕತ್ವ ತತ್ವಗಳೆಂದು ಹೆಸರು. ಇಲ್ಲಿ ಸಭೆಯೆಂದರೆ ಒಂದೆಡೆ ಕೂಡಿ ಪ್ರಾರ್ಥಿಸುವ ಜನ. ಈ ತತ್ವಗಳ ಮೂಲವನ್ನು ಬೈಬಲಿನಲ್ಲಿ ಹುಡುಕುವವರು ಎರಡು ಪ್ರಸಂಗಗಳನ್ನು ಮುಂದಿಡುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ನ್ಯಾಯ ತೀರಿಸುತ್ತ ಕುಳಿತಿದ್ದ ಮೋಶೆಗೆ, ಭಾರವನ್ನು ಸಮರ್ಥರಾದ ಹಲವರಿಗೆ ಹಂಚು ಎಂದು ಅವನ ಮಾವ ಹೇಳಿದ್ದು ಒಂದು. ಊಟದ ಹಂಚಿಕೆಯಲ್ಲಿ ವಿಧವೆಯರಿಗೆ ಅನ್ಯಾಯವಾಗುತ್ತಿದೆಯೆಂಬ ದೂರು ಬಂದಾಗ ಯೆರೂಸಲೇಮಿನ ಸಭೆ ಏಳು ಜನರನ್ನು ಆರಿಸಿಕೊಂಡದ್ದು ಇನ್ನೊಂದು. ಎರಡರಲ್ಲೂ ತಿರುಳು ಒಂದೇ: ಕೆಲಸ ಹೊರುವವರ ಕೈಗೇ ಅಧಿಕಾರವೂ ಸೇರಬೇಕು. ಹತ್ತೊಂಬತ್ತನೆಯ ಶತಮಾನದಿಂದ ಇಂದಿನವರೆಗೆ ಸಭೆ ಎಲ್ಲಿ ಬೆಳೆಯಿತು, ಎಲ್ಲಿ ಸೊರಗಿತು ಎಂಬುದನ್ನು ಈ ಒಂದು ಮಾತು ಬಹುಮಟ್ಟಿಗೆ ವಿವರಿಸುತ್ತದೆ. ಇದನ್ನು ಹತ್ತಿರದಿಂದ ನೋಡಲು ತೆಲುಗು ನಾಡಿನ ದೋರ್ನಕಲ್‌ಗಿಂತ ಒಳ್ಳೆಯ ಉದಾಹರಣೆ ಭಾರತದಲ್ಲಿ ಸಿಗುವುದು ಕಷ್ಟ.

ಮೂರು ‘ಸ್ವ’ಗಳು

ತತ್ವವನ್ನು ಸೂತ್ರದ ರೂಪಕ್ಕೆ ತಂದವರು ಇಬ್ಬರು: ಇಂಗ್ಲೆಂಡಿನ ಚರ್ಚ್ ಮಿಷನರಿ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ವೆನ್ (1796–1873) ಮತ್ತು ಅಮೆರಿಕದ ರೂಫಸ್ ಆಂಡರ್ಸನ್ (1796–1880). ಸಭೆ ತನ್ನನ್ನು ತಾನೇ ಆಳಿಕೊಳ್ಳಬೇಕು, ತನ್ನ ಖರ್ಚನ್ನು ತಾನೇ ಹೊರಬೇಕು, ಸುವಾರ್ತೆಯನ್ನು ತಾನೇ ಹರಡಬೇಕು ಎಂಬುದು ಆ ಸೂತ್ರ. ಮಿಷನರಿ ಮನೆ ಕಟ್ಟುವಾಗ ಹಾಕುವ ಸಾರುವೆಯಂತೆ. ಗೋಡೆ ಎದ್ದ ಮೇಲೆ ಅದನ್ನು ಬಿಚ್ಚಲೇಬೇಕು ಎಂಬುದು ಇಬ್ಬರ ಒಟ್ಟು ಅಭಿಪ್ರಾಯ.

ಹೇಳಿದಷ್ಟು ಸುಲಭವಾಗಿ ಸಾರುವೆ ಬಿಚ್ಚಲಿಲ್ಲ. ವೆನ್ ಅವರ ಒತ್ತಾಸೆಯಿಂದ 1864ರಲ್ಲಿ ನೈಜೀರಿಯದ ಸ್ಯಾಮ್ಯುಯೆಲ್ ಅಜಯಿ ಕ್ರೌದರ್ ಆಂಗ್ಲಿಕನ್ ಸಭೆಯ ಮೊದಲ ಆಫ್ರಿಕನ್ ಬಿಷಪರಾದರು. ವೆನ್ ತೀರಿಕೊಂಡ ಬಳಿಕ ಬಂದ ಎಳೆಯ ಇಂಗ್ಲಿಷ್ ಮಿಷನರಿಗಳು ಮುದುಕರಾಗಿದ್ದ ಕ್ರೌದರರ ಅಧಿಕಾರವನ್ನು ಒಂದೊಂದಾಗಿ ಕಿತ್ತುಕೊಂಡರು. 1891ರಲ್ಲಿ ಅವರು ತೀರಿಕೊಂಡಾಗ ಆ ಪೀಠಕ್ಕೆ ಬಂದವರು ಇಂಗ್ಲಿಷಿನವರು. ಕೊಟ್ಟ ಅಧಿಕಾರವನ್ನು ಹಿಂದಕ್ಕೆ ಪಡೆದ ಈ ಅನ್ಯಾಯ ಆಫ್ರಿಕದ ಸಭೆಗಳ ಮನಸ್ಸಿನಲ್ಲಿ ಬಹುಕಾಲ ಉಳಿಯಿತು.

ಕೊರಿಯದಲ್ಲಿ ಇದೇ ಸೂತ್ರ ಫಲ ಕೊಟ್ಟಿತು. ಚೀನಾದ ಶಾಂಡಾಂಗಿನಲ್ಲಿ ಕೆಲಸ ಮಾಡುತ್ತಿದ್ದ ಜಾನ್ ನೀವಿಯಸ್ 1890ರಲ್ಲಿ ಸಿಯೋಲ್‌ಗೆ ಬಂದು, ಎರಡು ವಾರ ಅಲ್ಲಿನ ಎಳೆಯ ಮಿಷನರಿಗಳೊಂದಿಗೆ ಕುಳಿತು ತಮ್ಮ ಅನುಭವ ಹೇಳಿದರು. ಹೊಸದಾಗಿ ನಂಬಿದವನು ತನ್ನ ಕಸುಬನ್ನೇ ಮಾಡಿಕೊಂಡು ನೆರೆಯವರಿಗೆ ಸಾಕ್ಷಿಯಾಗಿರಲಿ. ಸಂಬಳದ ಉಪದೇಶಿಯನ್ನು ಅಲ್ಲಿನವರೇ ಸಾಕುವ ಶಕ್ತಿ ಬಂದಾಗ ಮಾತ್ರ ನೇಮಿಸಿ. ದೇವಾಲಯವನ್ನು ಊರಿನ ಮನೆಗಳ ಮಾದರಿಯಲ್ಲಿ ಊರವರ ದುಡ್ಡಿನಿಂದಲೇ ಕಟ್ಟಿ ಎಂದರು. ಚಳಿಗಾಲದಲ್ಲಿ ಹೊಲದ ಕೆಲಸ ಮುಗಿದಾಗ ಕೊರಿಯದ ರೈತರು ತಮ್ಮ ಅಕ್ಕಿಯ ಗಂಟನ್ನು ತಾವೇ ಹೊತ್ತು ನಡೆದು ಬಂದು ಬೈಬಲ್ ತರಗತಿಗಳಲ್ಲಿ ಕೂರುತ್ತಿದ್ದರು. 1907ರಲ್ಲಿ ಪ್ಯೊಂಗ್ಯಾಂಗಿನಲ್ಲಿ ಮೊದಲ ಏಳು ಮಂದಿ ಕೊರಿಯನ್ ಪ್ರೆಸ್ಬಿಟೇರಿಯನ್ ಸಭಾಪಾಲಕರಿಗೆ ಅಭಿಷೇಕವಾಯಿತು.

ಅಜರಯ್ಯನವರು ಮತ್ತು ದೋರ್ನಕಲ್

ವೇದನಾಯಗಂ ಸ್ಯಾಮ್ಯುಯೆಲ್ ಅಜರಯ್ಯ (1874–1945) ತಿರುನೆಲ್ವೇಲಿ ಸೀಮೆಯ ವೆಳ್ಳಾಳನ್‌ವಿಳೈ ಎಂಬ ಹಳ್ಳಿಯ ಸಭಾಪಾಲಕರ ಮಗ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿ, ವೈಎಂಸಿಎ ಕಾರ್ಯದರ್ಶಿಯಾಗಿ ಊರೂರು ಸುತ್ತಿದರು. 1902ರಲ್ಲಿ ಜಾಫ್ನಾಕ್ಕೆ ಹೋದಾಗ ಅಲ್ಲಿನ ತಮಿಳು ಕ್ರೈಸ್ತರು ತಮ್ಮ ದುಡ್ಡಿನಲ್ಲೇ ಮಿಷನರಿಗಳನ್ನು ಕಳಿಸುತ್ತಿರುವುದನ್ನು ಕಂಡರು. ಮರುವರ್ಷವೇ ತಿರುನೆಲ್ವೇಲಿಯಲ್ಲಿ ಇಂಡಿಯನ್ ಮಿಷನರಿ ಸೊಸೈಟಿ ಹುಟ್ಟಿತು. 1905ರ ಕ್ರಿಸ್ಮಸ್ ದಿನ ಸೇರಂಪುರದಲ್ಲಿ ನ್ಯಾಷನಲ್ ಮಿಷನರಿ ಸೊಸೈಟಿ ಆರಂಭವಾದಾಗಲೂ ಮುಂದಾಳುಗಳಲ್ಲಿ ಅವರಿದ್ದರು. ಭಾರತದ ಜನ, ಭಾರತದ ಹಣ, ಭಾರತದವರದೇ ನಿರ್ವಹಣೆ ಎಂಬುದು ಈ ಸಂಘಗಳ ನಿಲುವು.

ಬೇರೆಯವರನ್ನು ಕಳಿಸಿ ತಾನು ಮದ್ರಾಸಿನಲ್ಲಿ ಕೂತಿರುವುದು ಅವರ ಮನಸ್ಸಿಗೆ ಒಗ್ಗಲಿಲ್ಲ. 1909ರಲ್ಲಿ ಅಭಿಷೇಕ ಪಡೆದು, ತೆಲುಗು ಕಲಿತು, ನಿಜಾಮರ ಸೀಮೆಯಲ್ಲಿದ್ದ ದೋರ್ನಕಲ್‌ಗೆ ಹೊರಟರು. ಮರುವರ್ಷ ಎಡಿನ್‌ಬರೋದ ವಿಶ್ವ ಮಿಷನರಿ ಸಮ್ಮೇಳನದಲ್ಲಿ ಅವರಾಡಿದ ಮಾತು ಸಭಾಂಗಣವನ್ನು ಸ್ತಬ್ಧಗೊಳಿಸಿತು. ತ್ಯಾಗ ಮಾಡುತ್ತೀರಿ, ಬಡವರಿಗೆ ಉಣಿಸುತ್ತೀರಿ, ಆದರೆ ನಮ್ಮೊಂದಿಗೆ ಗೆಳೆತನ ಮಾಡುತ್ತಿಲ್ಲ ಎಂಬುದು ಅದರ ಸಾರ. ವರ್ಷಗಟ್ಟಲೆ ಒಟ್ಟಿಗೆ ದುಡಿದ ಭಾರತೀಯನನ್ನು ಊಟಕ್ಕೆ ಕರೆಯದ ಮಿಷನರಿಗಳ ಎದುರೇ ಹೇಳಿದ ಮಾತದು. 1912ರ ಡಿಸೆಂಬರ್ 29ರಂದು ಕಲ್ಕತ್ತಾದ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ಅವರು ದೋರ್ನಕಲ್‌ನ ಬಿಷಪರಾದರು, ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್. ಮದ್ರಾಸಿನ ಬಿಷಪ್ ಹೆನ್ರಿ ವೈಟ್‌ಹೆಡ್ ಬೆನ್ನಿಗೆ ನಿಂತಿದ್ದರು. ವಿರೋಧಿಸಿದವರಲ್ಲಿ ಯುರೋಪಿಯನ್ನರಷ್ಟೇ ಅಲ್ಲ, ಭಾರತೀಯ ಕ್ರೈಸ್ತರೂ ಇದ್ದರು.

ಅವರ ನಾಯಕತ್ವದ ಗುಟ್ಟನ್ನು ದೀಕ್ಷಾಸ್ನಾನದ ಹೊತ್ತಿನಲ್ಲಿ ಕಾಣಬಹುದಿತ್ತು. ಹೊಸದಾಗಿ ದೀಕ್ಷಾಸ್ನಾನ ಪಡೆದವರು ತಲೆಯ ಮೇಲೆ ತಮ್ಮ ಕೈಯನ್ನು ತಾವೇ ಇಟ್ಟುಕೊಂಡು, ಸುವಾರ್ತೆ ಸಾರದಿದ್ದರೆ ನನ್ನ ಗತಿಯೇನು ಎಂಬರ್ಥದ ಪೌಲನ ಮಾತನ್ನು ಹೇಳಬೇಕಿತ್ತು. ಹೀಗೆ ಹೇಳುತ್ತಿದ್ದವರಲ್ಲಿ ಹೆಚ್ಚಿನವರು ಮಾಲ, ಮಾದಿಗ ಜಾತಿಗಳ ಕೂಲಿಕಾರರು. ಊರ ದೊಡ್ಡವರ ಎದುರು ಬಾಯಿಬಿಡುವ ಹಕ್ಕೂ ಅವರಿಗಿರಲಿಲ್ಲ. ಅಂಥವರು ಸಭೆಯ ಒಳಗೆ ಕಾಲಿಟ್ಟ ದಿನವೇ ಅದರ ಹೊಣೆಗಾರರಾದರು. ಸಂಬಳದ ಉಪದೇಶಿ ಬರಲಿ, ಆಮೇಲೆ ನೋಡೋಣ ಎಂದು ಕಾಯುವ ಅಭ್ಯಾಸಕ್ಕೆ ಇಲ್ಲಿ ಜಾಗವೇ ಇರಲಿಲ್ಲ. ಸಭಾ ಬೆಳವಣಿಗೆಯ ಬಗ್ಗೆ ಬರೆದ ದಪ್ಪ ಪುಸ್ತಕಗಳಿಗಿಂತ ಈ ಒಂದು ಆಚರಣೆ ಹೆಚ್ಚು ಹೇಳುತ್ತದೆ.

ಈ ನಾಯಕತ್ವದ ಎರಡನೆಯ ಆಧಾರ ಹಳ್ಳಿಯ ಉಪಾಧ್ಯಾಯ. ಅವನು ಕೇರಿಯಲ್ಲೇ ವಾಸಿಸಿ ಮಕ್ಕಳಿಗೆ ಅಕ್ಷರ ಕಲಿಸಬೇಕು, ಕೂಲಿಯಿಂದ ಜನ ಮರಳಿದ ಮೇಲೆ ಸಂಜೆ ಪ್ರಾರ್ಥನೆ ನಡೆಸಬೇಕು. ಅವನಿಗೆ ತರಬೇತಿ ಕೊಡುವಾಗ ಹೆಂಡತಿಯನ್ನೂ ಕರೆಸಲಾಗುತ್ತಿತ್ತು. ಆಕೆ ಕಲಿಯದಿದ್ದರೆ ಕೇರಿಯ ಹೆಂಗಸರಿಗೆ ಕಲಿಸುವವರು ಯಾರು? ಬಿಷಪರ ಪತ್ನಿ ಅಂಬು ಮರಿಯಮ್ಮಾಳ್ ಕಾಲೇಜು ಮೆಟ್ಟಿಲು ಹತ್ತಿದ್ದ ದಕ್ಷಿಣ ಭಾರತದ ಮೊದಮೊದಲ ಕ್ರೈಸ್ತ ಮಹಿಳೆಯರಲ್ಲಿ ಒಬ್ಬರು; ಈ ಕೆಲಸಕ್ಕೆ ಆಸರೆಯಾಗಿದ್ದರು. ಕೊಳೆ, ರೋಗ, ಸಾಲ, ಕುಡಿತ ಎಂಬ ನಾಲ್ಕು ಪಿಶಾಚಿಗಳ ವಿರುದ್ಧ ಬಿಷಪರು ಹೂಡಿದ ಹೋರಾಟ ಪ್ರಾರ್ಥನೆಯಿಂದ ಬೇರೆಯಾಗಿರಲಿಲ್ಲ.

ಹಣದ ವಿಷಯದಲ್ಲಿ ಅಜರಯ್ಯನವರು ಕಟ್ಟುನಿಟ್ಟು. ಬಡವನಿಂದ ಕಾಣಿಕೆ ಕೇಳುವುದು ಕ್ರೂರವೆಂದವರಿಗೆ, ಕೇಳದಿರುವುದೇ ಅವನಿಗೆ ಮಾಡುವ ಅವಮಾನ ಎಂಬುದು ಅವರ ಉತ್ತರವಾಗಿತ್ತು. ಕೊಡುವುದನ್ನು ಕುರಿತೇ ಅವರು ಪುಸ್ತಕ ಬರೆದಿದ್ದಾರೆ. ಅಡುಗೆಗೆ ಅಕ್ಕಿ ಅಳೆಯುವಾಗ ತಾಯಿ ಒಂದು ಹಿಡಿ ತೆಗೆದು ಬೇರೆ ಕುಡಿಕೆಗೆ ಹಾಕಿ, ಭಾನುವಾರ ಸಭೆಗೆ ತರುವ ಪದ್ಧತಿ ದಕ್ಷಿಣದ ಹಳ್ಳಿ ಸಭೆಗಳಲ್ಲಿ ಹಳೆಯದು. ಕೇರಳದಲ್ಲಿ ಅದಕ್ಕೆ ಪಿಡಿಯರಿ ಎನ್ನುತ್ತಾರೆ. ಮಿಜೋರಾಮಿನ ಸಭೆ 1910ರಿಂದ ಈ ಹಿಡಿಯಕ್ಕಿಯ ಬಲದಿಂದಲೇ ದೊಡ್ಡ ಕೆಲಸಗಳನ್ನು ಕೈಗೊಂಡಿದೆ. ಕರ್ನಾಟಕದ ಸಭೆಗಳ ಸುಗ್ಗಿ ಹಬ್ಬದಲ್ಲಿ ಪೂಜಾಪೀಠದ ಮುಂದೆ ಸೇರುವ ಕುಂಬಳಕಾಯಿ, ಬಾಳೆಗೊನೆ, ಭತ್ತದ ತೆನೆ, ಆರಾಧನೆ ಮುಗಿದ ಮೇಲೆ ನಡೆಯುವ ಹರಾಜು ಇದೇ ಸಂಸ್ಕೃತಿಯವು.

ಅಜರಯ್ಯನವರು ಬದುಕನ್ನು ಮುಗಿಸುವ ಹೊತ್ತಿಗೆ ದೋರ್ನಕಲ್ ಸಭಾಪ್ರಾಂತ್ಯದ, ಅಂದರೆ ಅವರ ಬಿಷಪ್ ಆಡಳಿತಕ್ಕೆ ಸೇರಿದ ಸೀಮೆಯ, ಕ್ರೈಸ್ತರ ಸಂಖ್ಯೆ ಎರಡು ಲಕ್ಷ ದಾಟಿತ್ತು. ಕೃಷ್ಣಾ ನದಿಯ ಕಡೆಯ ಹಳೆಯ ಮಿಷನ್ ಸೀಮೆಯನ್ನು ಆಮೇಲೆ ಸೇರಿಸಿದ್ದೂ ಈ ಏರಿಕೆಗೆ ಒಂದು ಕಾರಣ; ಎಲ್ಲವನ್ನೂ ಒಬ್ಬರ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ತೊಡಕುಗಳೂ ಇದ್ದವು. ಮಾಲ–ಮಾದಿಗರ ನಡುವಿನ ಹಳೆಯ ಬಿರುಕು ಸಭೆಯೊಳಗೂ ಬಂತು. ಸಾಮೂಹಿಕ ಮತಾಂತರದ ಬಗ್ಗೆ 1930ರ ದಶಕದಲ್ಲಿ ಗಾಂಧೀಜಿಗೂ ಅವರಿಗೂ ಆಳವಾದ ಭಿನ್ನಾಭಿಪ್ರಾಯ ಮೂಡಿತು. ಈ ತೊಡಕುಗಳ ನಡುವೆಯೇ 1939ರ ಜನವರಿ 6ರಂದು ಪ್ರತಿಷ್ಠೆಗೊಂಡ ದೋರ್ನಕಲ್‌ನ ಎಪಿಫನಿ ಕೆಥೆಡ್ರಲ್ ಹಿಂದೂ, ಮುಸ್ಲಿಂ, ಕ್ರೈಸ್ತ ವಾಸ್ತುಶೈಲಿಗಳನ್ನು ಒಂದುಗೂಡಿಸಿದ ಕಟ್ಟಡ.

ಕನ್ನಡ ನಾಡಿನ ಅನುಭವ

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಬೇರೆ ದಾರಿ ಹಿಡಿಯಿತು. ದೀಕ್ಷಾಸ್ನಾನ ಪಡೆದವರು ಮನೆ, ಜಮೀನು, ಜಾತಿಯ ಕಸುಬು ಎಲ್ಲವನ್ನೂ ಕಳೆದುಕೊಳ್ಳುತ್ತಿದ್ದುದರಿಂದ ಅವರಿಗಾಗಿ ನೇಯ್ಗೆ ಶಾಲೆ, ಮುದ್ರಣಾಲಯ, ಹೆಂಚಿನ ಕಾರ್ಖಾನೆ ತೆರೆಯಿತು. ಹಸಿದವನಿಗೆ ಗೌರವದ ದುಡಿಮೆ ಕೊಟ್ಟ ಆ ಕೆಲಸವನ್ನು ಹಗುರವಾಗಿ ಕಾಣಲಾಗದು. ಆದರೆ ಕೂಲಿ ಕೊಡುವವರೂ ಸಭೆ ನಡೆಸುವವರೂ ಒಂದೇ ಮಿಷನ್ನಿನವರಾದಾಗ ಎದುರು ಮಾತಾಡುವ ಸಭಾ ಹಿರಿಯ ಹುಟ್ಟುವುದು ಕಷ್ಟ. 1851ರಲ್ಲೇ ಬಾಸೆಲ್‌ನಲ್ಲಿ ಅಭಿಷೇಕ ಪಡೆದ ಹರ್ಮನ್ ಆನಂದರಾವ್ ಕೌಂಡಿನ್ಯರಂಥ ಸಮರ್ಥರಿದ್ದರೂ ಆಡಳಿತದ ಕೀಲಿಕೈ ಯುರೋಪಿಯನ್ನರಲ್ಲೇ ಉಳಿಯಿತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನು ಬಂಧಿಸಿ ಹೊರಗೆ ಕಳಿಸಿತು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಸಿದ್ಧತೆಯಿಲ್ಲದ ಹೆಗಲ ಮೇಲೆ ಏಕಾಏಕಿ ಭಾರ ಬಿತ್ತು, ಆ ಹೆಗಲು ಮುರಿಯದೆ ನಿಂತಿತು.

ಮುಂದಿನ ಚರ್ಚೆಗಳು

ಮಧ್ಯಪ್ರದೇಶದ ದಮೋಹ್‌ನಲ್ಲಿ ಹುಟ್ಟಿದ ಡೊನಾಲ್ಡ್ ಮೆಕ್‌ಗ್ಯಾವ್ರನ್ 1955ರ ‘ದ ಬ್ರಿಜಸ್ ಆಫ್ ಗಾಡ್’ ಪುಸ್ತಕದಲ್ಲಿ, ಜನ ತಮ್ಮ ಬಂಧುಬಳಗದ ಜೊತೆಗೆ ಸಭೆ ಸೇರುವುದೇ ಸಹಜ ಎಂದು ವಾದಿಸಿದರು. ಈ ವಾದ ಭಾರತದಲ್ಲಿ ಜಾತಿಗೊಂದು ಸಭೆಯನ್ನು ಒಪ್ಪಿದಂತಾಗುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಸಿಯೋಲ್‌ನಲ್ಲಿ 1958ರಲ್ಲಿ ಸಣ್ಣದಾಗಿ ಆರಂಭವಾದ ಯೊಯಿಡೊ ಸಭೆ ಲಕ್ಷಗಟ್ಟಲೆ ಸದಸ್ಯರಿಗೆ ಬೆಳೆದದ್ದು ಮನೆಮನೆಯ ಸಣ್ಣ ಗುಂಪುಗಳಿಂದ. ದುಡಿತದಿಂದ ಕುಸಿದುಬಿದ್ದ ಸಭಾಪಾಲಕ ಯೊಂಗಿ ಚೋ ಆ ಗುಂಪುಗಳನ್ನು ಹೆಂಗಸರ ಕೈಗೆ ಒಪ್ಪಿಸಿದ್ದರು. ಅದೇ ಚೋ 2014ರಲ್ಲಿ ಸಭೆಯ ಹಣದ ವಿಚಾರದಲ್ಲಿ ನ್ಯಾಯಾಲಯದಿಂದ ಶಿಕ್ಷೆಗೆ ಗುರಿಯಾದರು. ಪ್ರಾರ್ಥನೆಯ ಹೊಣೆಯನ್ನು ಸಾವಿರಾರು ಮನೆಗಳಿಗೆ ಹಂಚಿದ ಸಭೆಯಲ್ಲಿ ಹಣದ ಲೆಕ್ಕ ಹಾಗೆ ಹಂಚಿಹೋಗಿರಲಿಲ್ಲ.

ಸಭೆಗಳ ಐಕ್ಯದ ಚರ್ಚೆ ಇವೆರಡಕ್ಕಿಂತ ಹಳೆಯದು. 1919ರಲ್ಲಿ ತರಂಗಂಬಾಡಿಯಲ್ಲಿ ಅಜರಯ್ಯ ಮತ್ತು ಅವರ ಸಂಗಡಿಗರು ಬೇರೆಬೇರೆ ಪಂಗಡಗಳ ಐಕ್ಯಕ್ಕೆ ಕರೆ ಕೊಟ್ಟಿದ್ದರು. ಒಡೆದ ಸಭೆ ಸುವಾರ್ತೆ ಸಾರಲಾರದು, ಪಶ್ಚಿಮದ ಜಗಳಗಳನ್ನು ನಾವೇಕೆ ಹೊರಬೇಕು ಎಂಬುದು ಅವರ ಪ್ರಶ್ನೆ. 1945ರ ಜನವರಿ 1ರಂದು ಅವರು ದೋರ್ನಕಲ್‌ನಲ್ಲಿ ತೀರಿಕೊಂಡರು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ದಕ್ಷಿಣ ಭಾರತ ಸಭೆ ಉದಯಿಸಿತು. ದೋರ್ನಕಲ್ ಅದರ ಒಂದು ಸಭಾಪ್ರಾಂತ್ಯವಾಯಿತು, ದಕ್ಷಿಣ ಕನ್ನಡದ ಬಾಸೆಲ್ ಮಿಷನ್ ಸಭೆಗಳೂ ಅದೇ ಐಕ್ಯಕ್ಕೆ ಸೇರಿದವು.