ಡಾರ್ಕ್‌ನೆಟ್ ಮಾದಕ ಮಾರುಕಟ್ಟೆ: ಅಪರಾಧ ಮತ್ತು ಶಿಕ್ಷೆಯ ಪ್ರಮಾಣ

ಡಾರ್ಕ್‌ನೆಟ್ ಮಾದಕ ಮಾರುಕಟ್ಟೆ ಎಂದರೆ ಮಾರುವವರು, ಕೊಳ್ಳುವವರು ಪರಸ್ಪರ ಗುರುತು ತಿಳಿಯದೆ ವ್ಯವಹರಿಸುವ ಆನ್‌ಲೈನ್ ಕಾಳಸಂತೆ. ಬಳಕೆದಾರರ ಜಾಡು ಮರೆಸುವ ಟಾರ್ ಜಾಲ, ಬ್ಯಾಂಕಿನ ಹಂಗಿಲ್ಲದೆ ಹಣ ಸಾಗಿಸುವ ಬಿಟ್‌ಕಾಯಿನ್, ಸರಕು ಕೈಸೇರುವ ತನಕ ಹಣವನ್ನು ತಡೆದಿಡುವ ಎಸ್ಕ್ರೋ ಇದರ ಮೂರು ಆಧಾರಗಳು. ಸರಕು ಮಾತ್ರ ಸಾಮಾನ್ಯ ಅಂಚೆ, ಕೊರಿಯರ್‌ಗಳಲ್ಲೇ ಸಾಗುತ್ತದೆ. ತಾಣ ನಡೆಸುವವನು ಸಾಮಾನ್ಯವಾಗಿ ಮಾದಕವಸ್ತುವನ್ನು ಕೈಯಿಂದ ಮುಟ್ಟುವುದಿಲ್ಲ. ಪ್ರತಿ ವಹಿವಾಟಿನಲ್ಲೂ ಕಮಿಷನ್ ಪಡೆಯುತ್ತಾನೆ. ಅವನನ್ನು ಮಾದಕ ಜಾಲದ ದೊರೆಯೆಂದು ಕಾಣಬೇಕೆ, ದಲ್ಲಾಳಿಯೆಂದೆ, ಅವನಿಗೆ ಎಷ್ಟು ಕಠಿಣ ಶಿಕ್ಷೆ ತಕ್ಕದ್ದು ಎಂಬ ಪ್ರಶ್ನೆಗಳಿಗೆ ನ್ಯಾಯಾಲಯಗಳೂ ಅಪರಾಧಶಾಸ್ತ್ರಜ್ಞರೂ 2010ರ ದಶಕದಿಂದ ಬೇರೆ ಬೇರೆ ಉತ್ತರ ಕೊಡುತ್ತ ಬಂದಿದ್ದಾರೆ.

ಸಿಲ್ಕ್ ರೋಡ್

ಟಾರ್ ಬಳಸಿದ ಮೊದಲ ತಾಣಗಳಲ್ಲಿ ಒಂದಾದ ‘ದಿ ಫಾರ್ಮರ್ಸ್ ಮಾರ್ಕೆಟ್’ ಪೇಪಾಲ್, ವೆಸ್ಟರ್ನ್ ಯೂನಿಯನ್‌ನಂಥ ಮಾರ್ಗಗಳಲ್ಲಿ ಹಣ ಪಡೆಯುತ್ತಿತ್ತು. ಹಣದ ಜಾಡು ಉಳಿಯುತ್ತಿತ್ತು; 2012ರ ಏಪ್ರಿಲ್‌ನಲ್ಲಿ ಅದನ್ನು ನಡೆಸುತ್ತಿದ್ದವರು ಸಿಕ್ಕಿಬಿದ್ದರು. ಅಷ್ಟರಲ್ಲಿ ಈ ಕೊರತೆಯನ್ನು ತುಂಬಿಕೊಂಡ ‘ಸಿಲ್ಕ್ ರೋಡ್’ ಬೆಳೆದಿತ್ತು. ಟೆಕ್ಸಾಸ್‌ನ ರಾಸ್ ಉಲ್ಬ್ರಿಕ್ಟ್ 2011ರ ಆರಂಭದಲ್ಲಿ ಅದನ್ನು ತೆರೆದ. ಭೌತಶಾಸ್ತ್ರ ಓದಿದ್ದ ಅವನು ಸರ್ಕಾರದ ಹಿಡಿತವಿಲ್ಲದ ಮುಕ್ತ ಮಾರುಕಟ್ಟೆಯ ಸಿದ್ಧಾಂತವನ್ನು ನಂಬಿದ್ದ. ಮೊದಲ ಸರಕಾಗಿ ತಾನೇ ಬೆಳೆಸಿದ ಅಮಲಿನ ಅಣಬೆಯನ್ನು ಮಾರಾಟಕ್ಕಿಟ್ಟ. ಅದೇ ವರ್ಷದ ಜೂನ್‌ನಲ್ಲಿ ಗಾಕರ್ ಜಾಲತಾಣ ಪ್ರಕಟಿಸಿದ ವರದಿಯಿಂದ ತಾಣದ ಸುದ್ದಿ ಲೋಕಕ್ಕೆ ತಿಳಿಯಿತು. ಸೆನೆಟರ್ ಚಕ್ ಶೂಮರ್ ಅದನ್ನು ಮುಚ್ಚಿಸುವಂತೆ ಒತ್ತಾಯಿಸಿದರು.

ಖರೀದಿದಾರರು ಮಾರಾಟಗಾರರಿಗೆ ಅಂಕ ಕೊಡುವ ಪದ್ಧತಿ ಇಲ್ಲಿ ನಂಬಿಕೆಯನ್ನು ಬೆಳೆಸಿತು. ಕದ್ದ ಕ್ರೆಡಿಟ್ ಕಾರ್ಡ್, ಮಕ್ಕಳ ಅಶ್ಲೀಲ ಚಿತ್ರಗಳಿಗೆ ನಿಷೇಧವಿತ್ತು. ಹೆರಾಯಿನ್, ಕೊಕೇನ್‌ಗಳಿಗೆ ಇರಲಿಲ್ಲ. ವಿಚಾರಣೆಯಲ್ಲಿ ಸರ್ಕಾರ ಮಂಡಿಸಿದ ಲೆಕ್ಕದಂತೆ ತಾಣದಲ್ಲಿ 15 ಲಕ್ಷದಷ್ಟು ವಹಿವಾಟು ನಡೆದಿತ್ತು. ಮಾದಕವಸ್ತುಗಳ ಮಾರಾಟದ ಮೊತ್ತವೇ ಸುಮಾರು 18.3 ಕೋಟಿ ಡಾಲರ್.

2013ರ ಅಕ್ಟೋಬರ್ 1ರಂದು ಸ್ಯಾನ್ ಫ್ರಾನ್ಸಿಸ್ಕೋದ ಸಾರ್ವಜನಿಕ ಗ್ರಂಥಾಲಯವೊಂದರಲ್ಲಿ, ತಾಣಕ್ಕೆ ಲಾಗಿನ್ ಆಗಿದ್ದ ಲ್ಯಾಪ್‌ಟಾಪ್ ಸಮೇತ ಎಫ್‌ಬಿಐ ಉಲ್ಬ್ರಿಕ್ಟ್‌ನನ್ನು ಬಂಧಿಸಿತು. 2015ರ ಫೆಬ್ರವರಿಯಲ್ಲಿ ಮ್ಯಾನ್‌ಹಟನ್‌ನ ಜ್ಯೂರಿ ಏಳೂ ಆರೋಪಗಳಲ್ಲಿ ಅವನನ್ನು ಅಪರಾಧಿಯೆಂದಿತು. ಸಂಘಟಿತ ಮಾದಕ ಜಾಲಗಳ ಮುಖ್ಯಸ್ಥರನ್ನು ಹಿಡಿಯಲು 1970ರಲ್ಲಿ ರಚಿಸಿದ್ದ ‘ಕಿಂಗ್‌ಪಿನ್’ ಕಾನೂನಿನ ಆರೋಪವೂ ಅವುಗಳಲ್ಲಿತ್ತು. ಅದರಡಿ 20 ವರ್ಷಕ್ಕಿಂತ ಕಡಿಮೆ ಶಿಕ್ಷೆಗೆ ಅವಕಾಶವಿರಲಿಲ್ಲ. ಮೇ 29ರಂದು ನ್ಯಾಯಾಧೀಶೆ ಕ್ಯಾಥರೀನ್ ಫಾರೆಸ್ಟ್ ಎರಡು ಜೀವಾವಧಿ ಮತ್ತು 40 ವರ್ಷಗಳ ಶಿಕ್ಷೆ ವಿಧಿಸಿದರು. ಅಮೆರಿಕದ ಫೆಡರಲ್ ವ್ಯವಸ್ಥೆಯಲ್ಲಿ ಪೆರೋಲ್ ಇಲ್ಲದ್ದರಿಂದ ಇದರ ಅರ್ಥ ಸಾಯುವವರೆಗೆ ಜೈಲು.

ಎರಡು ವಾದಗಳು

ಶಿಕ್ಷೆ ಪ್ರಕಟಿಸುವ ಹಂತದಲ್ಲಿ ಮಂಡಿತವಾದ ವಾದಗಳೇ ಮುಂದಿನ ಚರ್ಚೆಗೆ ತಳಹದಿಯಾದವು. ತಾಣದಿಂದ ಕೊಂಡ ಮಾದಕವಸ್ತುಗಳಿಗೂ ಆರು ಸಾವುಗಳಿಗೂ ನಂಟಿದೆ ಎಂದು ಪ್ರಾಸಿಕ್ಯೂಷನ್ ಹೇಳಿತು. ಮಕ್ಕಳನ್ನು ಕಳೆದುಕೊಂಡ ಪೋಷಕರು ನ್ಯಾಯಾಲಯದಲ್ಲಿ ಮಾತನಾಡಿದರು. ಬೀದಿಯ ಪೆಡ್ಲರ್ ಪರಿಚಯವೇ ಇಲ್ಲದವರಿಗೂ ಮಾದಕವಸ್ತು ಮನೆಬಾಗಿಲಿಗೆ ಬರುವಂತಾಯಿತು ಎಂಬುದು ಈ ಪಕ್ಷದ ಮುಖ್ಯ ಆಕ್ಷೇಪ. ಬೀದಿ ವ್ಯಾಪಾರಕ್ಕಿಂತ ಇಲ್ಲಿ ಹಿಂಸೆ ಕಡಿಮೆ, ಕಲಬೆರಕೆ ಕಡಿಮೆ ಎಂದು ಪ್ರತಿವಾದಿಗಳು ವಾದಿಸಿದರು. ಫರ್ನಾಂಡೊ ಕೌಡೆವಿಲ್ಲಾ ಎಂಬ ಸ್ಪೇನ್‌ನ ವೈದ್ಯರು ತಾಣದ ಬಳಕೆದಾರರಿಗೆ ಅಪಾಯ ತಗ್ಗಿಸುವ ಸಲಹೆ ಕೊಡುತ್ತಿದ್ದುದನ್ನೂ ಮುಂದಿಟ್ಟರು. ಫಾರೆಸ್ಟ್ ಇದನ್ನು ಒಪ್ಪಲಿಲ್ಲ. ಇದೇ ದಾರಿ ಹಿಡಿಯಬಯಸುವವರಿಗೆ ಈ ಶಿಕ್ಷೆ ಎಚ್ಚರಿಕೆಯಾಗಬೇಕು ಎಂಬುದು ಅವರ ಪ್ರಮುಖ ಕಾರಣಗಳಲ್ಲಿ ಒಂದಾಗಿತ್ತು.

ಸುಪಾರಿ ಕೊಲೆಯ ಆರೋಪಗಳು ತೀರ್ಪನ್ನು ವಿವಾದಕ್ಕೀಡುಮಾಡಿದವು. ಉಲ್ಬ್ರಿಕ್ಟ್ ಕೆಲವರನ್ನು ಕೊಲ್ಲಿಸಲು ಹಣ ಕೊಟ್ಟನೆಂದು ತನಿಖಾಧಿಕಾರಿಗಳು ಹೇಳಿದ್ದರು. ಯಾವ ಕೊಲೆಯೂ ನಡೆದಿರಲಿಲ್ಲ, ಆ ಆರೋಪದಲ್ಲಿ ಅವನು ಅಪರಾಧಿಯೆಂದು ತೀರ್ಮಾನವೂ ಆಗಲಿಲ್ಲ. ಮೇರಿಲ್ಯಾಂಡ್‌ನಲ್ಲಿ ಹೂಡಿದ್ದ ಪ್ರಕರಣ 2018ರಲ್ಲಿ ವಜಾ ಆಯಿತು. ಆದರೂ 2015ರಲ್ಲಿ ಶಿಕ್ಷೆಯ ಪ್ರಮಾಣ ನಿಗದಿ ಮಾಡುವಾಗ ಈ ಸುಪಾರಿ ಆರೋಪಗಳು ಲೆಕ್ಕಕ್ಕೆ ಬಂದಿದ್ದವು. ತನಿಖೆಯೂ ಕಳಂಕಮುಕ್ತವಾಗಿರಲಿಲ್ಲ: ಅಮೆರಿಕದ ಮಾದಕವಸ್ತು ನಿಗ್ರಹ ಸಂಸ್ಥೆ ಡಿಇಎಯ ಕಾರ್ಲ್ ಮಾರ್ಕ್ ಫೋರ್ಸ್, ಸೀಕ್ರೆಟ್ ಸರ್ವಿಸ್‌ನ ಶಾನ್ ಬ್ರಿಜಸ್ ಎಂಬ ಇಬ್ಬರು ಅಧಿಕಾರಿಗಳು ಇದೇ ಪ್ರಕರಣದಲ್ಲಿ ಬಿಟ್‌ಕಾಯಿನ್ ಲಪಟಾಯಿಸಿ ಜೈಲು ಸೇರಿದರು.

2017ರ ಮೇ ತಿಂಗಳಲ್ಲಿ ಮೇಲ್ಮನವಿ ನ್ಯಾಯಾಲಯ ಶಿಕ್ಷೆಯನ್ನು ಎತ್ತಿಹಿಡಿಯಿತು. ಜೊತೆಗೆ, ಮೊದಲ ಹಂತದಲ್ಲಿ ತಾವೇ ತೀರ್ಮಾನಿಸುವಂತಿದ್ದರೆ ಇದೇ ಶಿಕ್ಷೆ ಕೊಡದೆಯೂ ಇರಬಹುದಿತ್ತು ಎಂಬ ಅರ್ಥದ ಮಾತನ್ನು ನ್ಯಾಯಮೂರ್ತಿಗಳು ತೀರ್ಪಿನಲ್ಲಿ ಸೇರಿಸಿದರು. 2018ರಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು.

ಏಕರೂಪವಿಲ್ಲದ ಶಿಕ್ಷೆಗಳು

ಇದೇ ಬಗೆಯ ಇತರ ಪ್ರಕರಣಗಳನ್ನು ಜೊತೆಗಿಟ್ಟರೆ ಅಸಮಾನತೆ ಎದ್ದುಕಾಣುತ್ತದೆ. ಸಿಲ್ಕ್ ರೋಡ್‌ನಲ್ಲಿ ಭಾರಿ ಪ್ರಮಾಣದಲ್ಲಿ ಮಾರಿದ ಡಚ್ ವ್ಯಾಪಾರಿ ಕಾರ್ನೆಲಿಸ್ ಯಾನ್ ಸ್ಲೊಂಪ್‌ಗೆ 10 ವರ್ಷವಾಯಿತು. ಉಲ್ಬ್ರಿಕ್ಟ್‌ಗೆ ಸಲಹೆಗಾರನಾಗಿದ್ದ ರಾಜರ್ ಕ್ಲಾರ್ಕ್‌ಗೆ 2023ರಲ್ಲಿ 20 ವರ್ಷ ವಿಧಿಸಲಾಯಿತು. ಬ್ರಿಟನ್‌ನಲ್ಲಿ ‘ಸಿಲ್ಕ್ ರೋಡ್ 2.0’ ನಡೆಸಿದ ಥಾಮಸ್ ವೈಟ್‌ಗೆ ಇತರ ಅಪರಾಧಗಳೂ ಸೇರಿ ಸಿಕ್ಕಿದ್ದು 5 ವರ್ಷ 4 ತಿಂಗಳು. ಜರ್ಮನಿಯಲ್ಲಿ ‘ವಾಲ್ ಸ್ಟ್ರೀಟ್ ಮಾರ್ಕೆಟ್’ ನಡೆಸಿದವರಿಗೆ 2021ರಲ್ಲಿ ಫ್ರಾಂಕ್‌ಫರ್ಟ್ ನ್ಯಾಯಾಲಯ ಕೊಟ್ಟ ಗರಿಷ್ಠ ಶಿಕ್ಷೆ ಎಂಟು ವರ್ಷವನ್ನೂ ಮುಟ್ಟಲಿಲ್ಲ. ರಷ್ಯನ್ ಭಾಷೆಯ ‘ಹೈಡ್ರಾ’ದ ಸ್ಥಾಪಕನಿಗೆ ಮಾತ್ರ 2024ರ ಡಿಸೆಂಬರ್‌ನಲ್ಲಿ ಮಾಸ್ಕೋ ನ್ಯಾಯಾಲಯ ಜೀವಾವಧಿ ವಿಧಿಸಿತು. 2022ರಲ್ಲಿ ಜರ್ಮನ್ ಪೊಲೀಸರು ಮುಚ್ಚಿಸಿದಾಗ ಹೈಡ್ರಾದಲ್ಲಿ 1.7 ಕೋಟಿ ಗ್ರಾಹಕ ಖಾತೆಗಳಿದ್ದವು. ಗಾತ್ರದಲ್ಲಿ ಸಿಲ್ಕ್ ರೋಡ್ ಅದಕ್ಕೆ ಸಾಟಿಯಲ್ಲ.

ಈ ವ್ಯತ್ಯಾಸಕ್ಕೆ ಒಂದು ಕಾರಣ ಕಾನೂನಿನಲ್ಲೇ ಇದೆ. ತಾಣ ನಡೆಸುವುದನ್ನು ಪ್ರತ್ಯೇಕ ಅಪರಾಧವಾಗಿ ಗುರುತಿಸದ ದೇಶಗಳು ಅದನ್ನು ಒಳಸಂಚು, ಪ್ರಚೋದನೆ ಅಥವಾ ಸಹಾಯ ಎಂಬ ಹಳೆಯ ಚೌಕಟ್ಟಿಗೆ ಹೊಂದಿಸಬೇಕಾಯಿತು. ಜರ್ಮನಿ 2021ರ ಅಕ್ಟೋಬರ್‌ನಲ್ಲಿ ದಂಡ ಸಂಹಿತೆಗೆ 127ನೇ ಕಲಮನ್ನು ಸೇರಿಸಿ, ಅಪರಾಧ ವಹಿವಾಟಿನ ಆನ್‌ಲೈನ್ ವೇದಿಕೆ ನಡೆಸುವುದನ್ನೇ ಅಪರಾಧವೆಂದಿತು. ಸಾಮಾನ್ಯ ಪ್ರಕರಣಕ್ಕೆ ಗರಿಷ್ಠ 5 ವರ್ಷ, ಗಂಭೀರ ಪ್ರಕರಣಕ್ಕೆ 10 ವರ್ಷ.

ಸಂಶೋಧನೆ ಕಂಡದ್ದು

ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ನಿಕೊಲಾಸ್ ಕ್ರಿಸ್ಟಿನ್ 2012ರಲ್ಲಿ ಸಿಲ್ಕ್ ರೋಡ್‌ನ ಪುಟಗಳನ್ನು ತಿಂಗಳುಗಟ್ಟಲೆ ದಾಖಲಿಸಿ ಮೊದಲ ಅಳತೆ ಕೊಟ್ಟರು. ಆಗ ತಿಂಗಳ ವಹಿವಾಟು ಸುಮಾರು 12 ಲಕ್ಷ ಡಾಲರ್. ತಾಣದ ವಹಿವಾಟಿನ ದೊಡ್ಡ ಪಾಲು ಸ್ವಂತ ಬಳಕೆಯದಲ್ಲ, ಮರುಮಾರಾಟಗಾರರ ಸಗಟು ಖರೀದಿ ಎಂದು ಸಂಶೋಧಕರಾದ ಜುಡಿತ್ ಆಲ್ಡ್ರಿಜ್ ಮತ್ತು ಡೇವಿಡ್ ಡೆಕಾರಿ-ಎತು 2014ರಲ್ಲಿ ತೋರಿಸಿದರು. ಬೀದಿಯ ಬದಲಿಗೆ ಬಂದ ಸುರಕ್ಷಿತ ಪರ್ಯಾಯ ಎಂಬ ವಾದವನ್ನು ಇದು ಸಡಿಲಗೊಳಿಸಿತು. ಸಗಟು ಸರಕು ಕೊನೆಗೆ ಬೀದಿಗೇ ಇಳಿಯುತ್ತದೆ. ಇನ್ನೊಂದು ಕಡೆ, ಬಾರ್ಸಿಲೋನಾದ ‘ಎನರ್ಜಿ ಕಂಟ್ರೋಲ್’ ಸಂಸ್ಥೆ ಪರೀಕ್ಷಿಸಿದ 219 ಮಾದರಿಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ಮಾರಾಟಗಾರ ಹೇಳಿದ ವಸ್ತುವನ್ನೇ ಹೊಂದಿದ್ದವು. ಕಲಬೆರಕೆ ಕಡಿಮೆ ಎಂಬ ವಾದಕ್ಕೆ ಹೀಗೆ ಆಧಾರ ಸಿಕ್ಕಿತು. ಆದರೆ ಶುದ್ಧತೆಯೇ ಸುರಕ್ಷತೆಯಲ್ಲ; ಅತಿ ತೀವ್ರ ಮಾದಕವಸ್ತುವಾದ ಫೆಂಟನಿಲ್ ಈ ತಾಣಗಳಿಗೆ ಬಂದ ಮೇಲೆ ಆ ವಾದದ ಬಲವೂ ಕುಗ್ಗಿತು.

ಶಿಕ್ಷೆಯ ಹೆದರಿಕೆ ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆಗೆ ಮಾರುಕಟ್ಟೆಯ ನಡವಳಿಕೆಯೇ ಉತ್ತರ ಕೊಟ್ಟಿತು. ಸಿಲ್ಕ್ ರೋಡ್ ಮುಚ್ಚಿದ ಮುಂದಿನ ತಿಂಗಳೇ ಸಿಲ್ಕ್ ರೋಡ್ 2.0 ತೆರೆಯಿತು. 2014ರಲ್ಲಿ ಪೊಲೀಸರು ನಡೆಸಿದ ‘ಆಪರೇಷನ್ ಆನಿಮಸ್’ ದಾಳಿಯ ನಂತರ ವ್ಯಾಪಾರ ಒಂದೆರಡು ತಿಂಗಳಲ್ಲಿ ಚೇತರಿಸಿಕೊಂಡಿತೆಂದು ಡೆಕಾರಿ-ಎತು ಮತ್ತು ಲೂಕಾ ಜೊಮ್ಮೋನಿ ಕಂಡುಕೊಂಡರು. ಉಲ್ಬ್ರಿಕ್ಟ್‌ನ ಶಿಕ್ಷೆಯ ಸುದ್ದಿ ಹರಡಿದ ದಿನಗಳಲ್ಲಿ ವಹಿವಾಟು ಇಳಿಯುವ ಬದಲು ಏರಿತ್ತು ಎಂದು ಇಸಾಕ್ ಲಾಡೆಗೋರ್ ಅವರ ಅಧ್ಯಯನ ಹೇಳಿತು. ಕ್ಯಾನಡಾದ ಅಲೆಕ್ಸಾಂಡರ್ ಕಾಜೆಸ್ ಕಟ್ಟಿದ ‘ಆಲ್ಫಾಬೇ’ 2017ರಲ್ಲಿ ಮುಚ್ಚುವ ಹೊತ್ತಿಗೆ ಸಿಲ್ಕ್ ರೋಡ್‌ನ ಹತ್ತುಪಟ್ಟು ದೊಡ್ಡದಿತ್ತೆಂದು ಅಮೆರಿಕದ ಅಧಿಕಾರಿಗಳೇ ಹೇಳಿದರು. ಬ್ಯಾಂಕಾಕ್‌ನಲ್ಲಿ ಸೆರೆಸಿಕ್ಕ ಕಾಜೆಸ್ ಕೆಲವೇ ದಿನಗಳಲ್ಲಿ ಸೆರೆಕೋಣೆಯಲ್ಲಿ ಶವವಾಗಿ ಪತ್ತೆಯಾದ.

ಅದೇ ಹೊತ್ತಿಗೆ ಡಚ್ ಪೊಲೀಸರು ಬೇರೆ ದಾರಿ ಹಿಡಿದರು. ‘ಹನ್ಸಾ’ ತಾಣವನ್ನು ಗುಟ್ಟಾಗಿ ವಶಪಡಿಸಿಕೊಂಡು ಸುಮಾರು ಒಂದು ತಿಂಗಳು ತಾವೇ ನಡೆಸಿದರು. ಆಲ್ಫಾಬೇ ಮುಚ್ಚಿದಾಗ ಓಡಿಬಂದ ವ್ಯಾಪಾರಿಗಳ ಗುರುತುಗಳನ್ನು ಕಲೆಹಾಕಿದರು. ಇದಾದ ಮೇಲೆ ಅನೇಕ ಮಾರಾಟಗಾರರು ಗಳಿಸಿದ್ದ ಹೆಸರನ್ನು ಬಿಟ್ಟು ಹೊಸದಾಗಿ ಆರಂಭಿಸಬೇಕಾಯಿತು ಎಂದು ಡೆಲ್ಫ್ಟ್‌ನ ಸಂಶೋಧಕರು ದಾಖಲಿಸಿದರು. ಶಿಕ್ಷೆಯ ಕ್ರೌರ್ಯಕ್ಕಿಂತ ಅದರ ಖಚಿತತೆ ಅಪರಾಧವನ್ನು ತಡೆಯುತ್ತದೆ ಎಂದು 1764ರಲ್ಲೇ ಇಟಲಿಯ ಚಿಂತಕ ಬೆಕ್ಕಾರಿಯಾ ಹೇಳಿದ್ದರು. ಅಪರಾಧಶಾಸ್ತ್ರಜ್ಞ ಡೇನಿಯಲ್ ನೇಗಿನ್ ಅವರ 2013ರ ಸಮೀಕ್ಷೆಯೂ ಅದನ್ನೇ ಹೇಳುತ್ತದೆ. ಹನ್ಸಾ ಕಾರ್ಯಾಚರಣೆ ಆ ತತ್ವದ ಡಿಜಿಟಲ್ ಉದಾಹರಣೆ.

ಭಾರತದ ಸ್ಥಿತಿ

ಮಾದಕವಸ್ತುಗಳಿಗೆ ಸಂಬಂಧಿಸಿದ ಭಾರತದ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಶಿಕ್ಷೆ ಮುಖ್ಯವಾಗಿ ವಸ್ತುವಿನ ತೂಕವನ್ನು ಅನುಸರಿಸುತ್ತದೆ. ಎಲ್‌ಎಸ್‌ಡಿ 0.1 ಗ್ರಾಂ ಮೀರಿದರೆ ವಾಣಿಜ್ಯ ಪ್ರಮಾಣ. ಶಿಕ್ಷೆ 10ರಿಂದ 20 ವರ್ಷ. ತಾಣ ನಡೆಸುವವನ ಕೈಯಲ್ಲಿ ತೂಗುವಂಥದ್ದೇನೂ ಇರುವುದಿಲ್ಲ. ಹಾಗಾಗಿ ಒಳಸಂಚಿನ 29ನೇ ಕಲಂ, ಹಣಕಾಸು ಒದಗಿಸುವವರಿಗೆ ಅನ್ವಯಿಸುವ 27ಎ ಕಲಂ ಮುಂತಾದವನ್ನೇ ಆಶ್ರಯಿಸಬೇಕು. ಐಟಿ ಕಾಯ್ದೆಯ 79ನೇ ಕಲಂ ಮಧ್ಯವರ್ತಿ ತಾಣಗಳಿಗೆ ಕೊಡುವ ರಕ್ಷಣೆ ಒಳಸಂಚಿನಲ್ಲಿ ಪಾಲ್ಗೊಂಡವರಿಗೆ ಸಿಗದು. ಪುನರಪರಾಧಿಗಳಿಗೆ ಕಾಯ್ದೆ ಕಡ್ಡಾಯಗೊಳಿಸಿದ್ದ ಮರಣದಂಡನೆಯನ್ನು 2011ರಲ್ಲಿ ಬಾಂಬೆ ಹೈಕೋರ್ಟ್ ಒಪ್ಪಲಿಲ್ಲ. 2014ರ ತಿದ್ದುಪಡಿ ಅದನ್ನು ನ್ಯಾಯಾಧೀಶರ ವಿವೇಚನೆಗೆ ಬಿಟ್ಟಿತು.

2020ರ ಕೊನೆಯಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಡಾರ್ಕ್‌ನೆಟ್ ಮೂಲಕ ಹೈಡ್ರೋ ಗಾಂಜಾ ತರಿಸಿದ ಪ್ರಕರಣವನ್ನು ಬೆನ್ನಟ್ಟಿದಾಗ ಬಿಟ್‌ಕಾಯಿನ್ ಹಗರಣದ ಆರೋಪಗಳು ಹೊರಬಿದ್ದವು. ಮರುವರ್ಷ ಅದು ರಾಜ್ಯ ರಾಜಕೀಯದ ವಿಷಯವಾಯಿತು. 2023ರ ಜೂನ್‌ನಲ್ಲಿ ಕೇಂದ್ರದ ಮಾದಕವಸ್ತು ನಿಯಂತ್ರಣ ಸಂಸ್ಥೆ ಎನ್‌ಸಿಬಿ ಡಾರ್ಕ್‌ನೆಟ್ ಜಾಲವೊಂದರಿಂದ ಸುಮಾರು 15,000 ಎಲ್‌ಎಸ್‌ಡಿ ಬ್ಲಾಟ್‌ಗಳನ್ನು ವಶಪಡಿಸಿಕೊಂಡಿತು. ಸಿಲ್ಕ್ ರೋಡ್, ಆಲ್ಫಾಬೇ, ಹನ್ಸಾಗಳಲ್ಲಿ ಮಾರುತ್ತಿದ್ದ ಹಲ್ದ್ವಾನಿಯ ಬನ್ಮೀತ್ ಸಿಂಗ್‌ಗೆ 2024ರಲ್ಲಿ ಅಮೆರಿಕದ ನ್ಯಾಯಾಲಯ 5 ವರ್ಷ ಜೈಲು ವಿಧಿಸಿತು. ಸುಮಾರು 15 ಕೋಟಿ ಡಾಲರ್ ಮುಟ್ಟುಗೋಲಾಯಿತು.

ಒಟ್ಟು ನಿಲುವು

ಕಮಿಷನ್ ಪಡೆದು, ಏನು ಮಾರಾಟವಾಗುತ್ತಿದೆಯೆಂದು ತಿಳಿದೇ ಸಂತೆ ನಡೆಸುವವನು ನಿರಪರಾಧಿ ಮಧ್ಯವರ್ತಿಯಲ್ಲ. ಅವನಿಗೆ ದೀರ್ಘ ಜೈಲುಶಿಕ್ಷೆ, ಗಳಿಕೆಯ ಮುಟ್ಟುಗೋಲು ಎರಡೂ ನ್ಯಾಯವೇ. ಆದರೆ ಸಾಯುವವರೆಗಿನ ಸೆರೆವಾಸವನ್ನು ಎಚ್ಚರಿಕೆಯ ಹೆಸರಿನಲ್ಲಿ ಸಮರ್ಥಿಸಲು ಹದಿನೈದು ವರ್ಷಗಳ ಪುರಾವೆ ನೆರವಾಗುವುದಿಲ್ಲ. ಸಾಬೀತಾಗದ ಆರೋಪದ ಭಾರವನ್ನು ಶಿಕ್ಷೆಗೆ ಸೇರಿಸುವುದೂ ಸಲ್ಲದು. 2025ರ ಜನವರಿ 21ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಉಲ್ಬ್ರಿಕ್ಟ್‌ಗೆ ಪೂರ್ಣ ಕ್ಷಮಾದಾನ ನೀಡಿದರು. ಹನ್ನೊಂದು ವರ್ಷ ಮೀರಿದ ಸೆರೆವಾಸ ಮುಗಿಯಿತು. ಅಪರಾಧ ನಿರ್ಣಯವೂ ಅದರೊಂದಿಗೆ ಕ್ಷಮಿಸಲ್ಪಟ್ಟಿತು. ಎರಡು ಜೀವಾವಧಿಯಿಂದ ಸಂಪೂರ್ಣ ಕ್ಷಮೆಗೆ ಜಿಗಿದ ಈ ಪ್ರಕರಣದಲ್ಲಿ ಅಪರಾಧಕ್ಕೆ ತಕ್ಕ, ಅವಧಿ ನಿಗದಿಯಾದ ಶಿಕ್ಷೆ ಎಂಬ ನಡುವಿನ ದಾರಿಯನ್ನು ನ್ಯಾಯಾಲಯವೂ ಹಿಡಿಯಲಿಲ್ಲ, ಅಧ್ಯಕ್ಷರೂ ಹಿಡಿಯಲಿಲ್ಲ.