ಕಣಜದ ಬಜೆ, ಓಲೆಕಟ್ಟಿನ ಬಜೆ

ಹಸ್ತಪ್ರತಿಗಳ ವರ್ಣನಾತ್ಮಕ ಸೂಚಿಗಳನ್ನು ಬಳಸುವವರಿಗೆಲ್ಲ ‘ಹುಳು ತಿಂದಿದೆ’ ಎಂಬ ಟಿಪ್ಪಣಿ ಪರಿಚಿತವೇ. ಸಂಪಾದಿತ ಕೃತಿಯಲ್ಲಿ ಅದು ‘ಗ್ರಂಥಪಾತ’ವಾಗುತ್ತದೆ, ಇಲ್ಲವೇ ಒಂದು ಸಾಲು ಚುಕ್ಕಿಗಳಾಗಿ ಉಳಿಯುತ್ತದೆ. ಯಾವ ಹುಳು, ಯಾವ ಋತುವಿನಲ್ಲಿ, ಏನನ್ನು ಮೂಸಿ ಬಂದು ತಿಂದಿತು ಎಂಬುದನ್ನು ನಮ್ಮ ಗ್ರಂಥಸಂಪಾದನಶಾಸ್ತ್ರ ಕೇಳಿದ್ದು ಕಡಿಮೆ. ಈ ಪ್ರಶ್ನೆಗೆ ಉತ್ತರ ಹುಡುಕುವವನು ಗ್ರಂಥಭಂಡಾರವನ್ನು ಬಿಟ್ಟು ಒಮ್ಮೆ ಕಣಜದ ಕಡೆಗೆ ನಡೆಯಬೇಕಾಗುತ್ತದೆ. ಏಕೆಂದರೆ ಎರಡೂ ಕಡೆ ಕಳ್ಳರು ಬಹುಮಟ್ಟಿಗೆ ಒಂದೇ ಮನೆತನದವರು.

ಸ್ಟೆಗೋಬಿಯಮ್ ಪ್ಯಾನಿಸಿಯಮ್ ಮತ್ತು ಲ್ಯಾಸಿಯೋಡರ್ಮ ಸೆರಿಕಾರ್ನೆ ಎಂಬ ಎರಡು ಪುಟ್ಟ ಕಂದುಬಣ್ಣದ ದುಂಬಿಗಳನ್ನು ಕೀಟಶಾಸ್ತ್ರಜ್ಞರು ದಾಸ್ತಾನು ಪೀಡೆಗಳ ಪಟ್ಟಿಯಲ್ಲಿಯೂ ಗ್ರಂಥಾಲಯದ ಪೀಡೆಗಳ ಪಟ್ಟಿಯಲ್ಲಿಯೂ ಸೇರಿಸುತ್ತಾರೆ. ಧಾನ್ಯ, ಹಿಟ್ಟು, ಒಣಗಿಸಿದ ಬೇರು, ತಂಬಾಕು, ಪುಸ್ತಕದ ಅಂಟು, ಓಲೆಗರಿ, ಇವೆಲ್ಲವೂ ಅವುಗಳಿಗೆ ಆಹಾರವೇ. ಹುಣಸೆಬೀಜದ ಸರಿ ಬಳಿದು ಇದ್ದಿಲಿನಿಂದ ಕಪ್ಪಾಗಿಸಿದ ಕಡತದ ಬಟ್ಟೆ ನಮಗೆ ದಾಖಲೆ. ಪಿಷ್ಟವನ್ನರಸುವ ಹುಳುವಿಗೆ ಅದು ಗಂಜಿಹಚ್ಚಿದ ಊಟ. ಘಾಟು ಇರುವ ಪದಾರ್ಥವೆಲ್ಲ ಹುಳುವನ್ನು ಓಡಿಸುತ್ತದೆ ಎಂಬ ಜನಪ್ರಿಯ ನಂಬಿಕೆಯನ್ನೂ ಇಲ್ಲಿಯೇ ಪರೀಕ್ಷಿಸಬೇಕು. ಈ ಎರಡು ದುಂಬಿಗಳು ಅರಿಸಿನದ ಕೊಂಬನ್ನು ಕೊರೆಯುತ್ತವೆ, ಶುಂಠಿಯನ್ನು ಪುಡಿಗಟ್ಟುತ್ತವೆ, ಕೊತ್ತಂಬರಿಯಲ್ಲಿ ಸಂಸಾರ ಹೂಡುತ್ತವೆ. ಓಲೆಕಟ್ಟಿನ ಜೊತೆಗೆ ಅರಿಸಿನದ ಕೊಂಬನ್ನು ಇಟ್ಟವನು ರಕ್ಷಣೆಯನ್ನು ಉದ್ದೇಶಿಸಿ ಆಮಂತ್ರಣವನ್ನೇ ಕೊಟ್ಟಿರಬಹುದು.

ಹಾಗಾದರೆ ಗಂಧದಿಂದ ಪ್ರಯೋಜನವಿಲ್ಲವೇ? ಬಜೆಯ ಉದಾಹರಣೆಯನ್ನು ನೋಡಬೇಕು. ಕೂಸುಗಳಿಗೆ ತೇಯ್ದು ನೆಕ್ಕಿಸುವ, ಗ್ರಂಥಿಗೆ ಅಂಗಡಿಯಲ್ಲಿ ದೊರೆಯುವ ಈ ಗಂಟುಬೇರನ್ನು ಕಾಳಿನ ಗುಡಾಣದಲ್ಲಿಯೂ ಇಡುತ್ತಿದ್ದರು, ಓಲೆಕಟ್ಟಿನ ವಸ್ತ್ರದಲ್ಲಿಯೂ ಕಟ್ಟುತ್ತಿದ್ದರು. ಅದರ ತೈಲದಲ್ಲಿರುವ ಬೀಟಾ-ಅಸರೋನ್ ಎಂಬ ದ್ರವ್ಯ ಕೀಟಗಳ ಅಂಡಾಶಯದ ಬೆಳವಣಿಗೆಯನ್ನು ಕುಂಠಿತಗೊಳಿಸಿ ಅವುಗಳನ್ನು ಬಂಜೆಯಾಗಿಸುತ್ತದೆಂದು ಭಾರತೀಯ ವಿಜ್ಞಾನಿಗಳು 1977ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಬಜೆಯ ಬಳಿ ಬಂದ ಹುಳು ಓಡಿಹೋಗಲೇಬೇಕೆಂದಿಲ್ಲ. ಅದು ಅಲ್ಲಿಯೇ ಕುಳಿತಿದ್ದು, ಸಂತಾನವಿಲ್ಲದೆ ಕಾಲ ಮುಗಿಸಬಹುದು. ವರ್ಷದ ಕೊನೆಗೆ ಗುಡಾಣ ತೆರೆದ ಗೃಹಿಣಿಗೆ ಕಾಣುವುದು ಫಲ ಮಾತ್ರ. ‘ವಾಸನೆಗೆ ಹುಳ ಓಡಿತು’ ಎಂದು ಆಕೆ ಹೇಳಿದರೆ ಆಚರಣೆ ಸರಿ, ವಿವರಣೆ ಬೇರೆ. ಪ್ರಾಚೀನ ಜ್ಞಾನವನ್ನು ಕುರಿತು ಬರೆಯುವವರು ಈ ಎರಡನ್ನು ಬೇರ್ಪಡಿಸದೆ ಹೋಗುವುದರಿಂದಲೇ ‘ಹಿರಿಯರಿಗೆ ಎಲ್ಲವೂ ಗೊತ್ತಿತ್ತು’ ಮತ್ತು ‘ಎಲ್ಲವೂ ಮೂಢನಂಬಿಕೆ’ ಎಂಬ ಎರಡು ಸೋಮಾರಿ ತೀರ್ಮಾನಗಳು ಹುಟ್ಟುತ್ತವೆ. ಇದೇ ಬೀಟಾ-ಅಸರೋನ್ ಇಲಿಗಳಲ್ಲಿ ಗಂತಿಗಳನ್ನುಂಟುಮಾಡಿತೆಂಬ ಕಾರಣಕ್ಕೆ ಅಮೆರಿಕ 1968ರಲ್ಲಿಯೇ ಆಹಾರದಲ್ಲಿ ಬಜೆಯ ಬಳಕೆಯನ್ನು ನಿಷೇಧಿಸಿತ್ತೆಂಬುದನ್ನೂ ಮರೆಯುವಂತಿಲ್ಲ.

ಬೇವಿನ ಕಥೆ ಇದಕ್ಕಿಂತ ಭಿನ್ನ. ಅದರ ಪ್ರಧಾನ ಸತ್ತ್ವವಾದ ಅಜಾಡಿರಾಕ್ಟಿನ್ ಅನ್ನು 1968ರಲ್ಲಿ ಬೇರ್ಪಡಿಸಲಾಯಿತು. ಅದು ಗಾಳಿಯಲ್ಲಿ ಸುಲಭವಾಗಿ ಹರಡುವ ವಸ್ತುವಲ್ಲ. ಕೀಟ ಅದನ್ನು ತಿನ್ನಬೇಕು ಅಥವಾ ಮುಟ್ಟಬೇಕು. ಎಲೆಗಿಂತ ಬೀಜದಲ್ಲಿ ಅದು ಹೆಚ್ಚು. ಆದ್ದರಿಂದ ಪೆಟ್ಟಿಗೆಯ ಮೂಲೆಯಲ್ಲಿ ಬಿದ್ದಿರುವ ಒಣ ಬೇವಿನೆಲೆಯ ಪರಿಮಳವನ್ನು ನಂಬಿ ಓಲೆಗಳನ್ನು ಬಿಟ್ಟುಬಿಡುವುದು ಅಪಾಯ.

ಈ ತಿಳಿವಳಿಕೆ ಶಾಸ್ತ್ರಕಾವ್ಯಗಳಲ್ಲಿ ಎಲ್ಲಿ ನಿಲ್ಲಬೇಕಿತ್ತು? ಚಾಲುಕ್ಯ ಜಯಸಿಂಹನ ಕಾಲದಲ್ಲಿ, 1025ರಲ್ಲಿ, ಎರಡನೆಯ ಚಾವುಂಡರಾಯ ರಚಿಸಿದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದ, ಸುಗಂಧದ್ರವ್ಯ, ಸೂಪಶಾಸ್ತ್ರ, ವಿಷಚಿಕಿತ್ಸೆ ಎಲ್ಲವೂ ಇವೆ, ಆದರೆ ಬೇರೆ ಬೇರೆ ಅಧ್ಯಾಯಗಳಲ್ಲಿ. ಸುಗಂಧವಿದ್ಯೆಯ ದೃಷ್ಟಿ ಭೋಗಿಯ ಮೈಯ ಮೇಲೆ, ವೃಕ್ಷಾಯುರ್ವೇದದ ದೃಷ್ಟಿ ನಿಂತ ಮರದ ಮೇಲೆ. ಕೊಯ್ದು ತಂದ ಕಾಳು ಮನೆಯೊಳಗೆ ಸೇರಿದ ಮೇಲೆ ಅದು ಹೆಂಗಸರ ಮತ್ತು ಒಕ್ಕಲುಮಕ್ಕಳ ವಿಷಯವಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಕಣಜದ ಗಂಧಶಾಸ್ತ್ರ ಕನ್ನಡದಲ್ಲಿ ಉಳಿದಿರುವುದು ಗ್ರಂಥಗಳಿಗಿಂತ ಹೆಚ್ಚಾಗಿ ನುಡಿಯಲ್ಲಿ. ಮುಗ್ಗು, ಕಮಟು, ಘಾಟು, ನಾತ, ಕಂಪು: ಒಂದೊಂದು ಪದವೂ ಒಂದೊಂದು ನಿದಾನ. ತೇವದಿಂದ ಕೆಟ್ಟ ಅಕ್ಕಿ ಮುಗ್ಗುತ್ತದೆ, ಹಳೆಯ ಎಣ್ಣೆಕಾಳು ಕಮಟುತ್ತದೆ. ಹಿಟ್ಟಿನಲ್ಲಿ ಕೆಂಪು ಟ್ರೈಬೋಲಿಯಮ್ ಹುಳು ತುಂಬಿಕೊಂಡಾಗ ಅದು ಸ್ರವಿಸುವ ಕ್ವಿನೋನುಗಳಿಂದ ಏಳುವ ಕಟುವಾದ ದುರ್ನಾತವನ್ನು ಗುರುತಿಸಲು ಅಡುಗೆಮನೆಯಲ್ಲಿ ಪಳಗಿದ ಮೂಗಿಗೆ ಪ್ರಯೋಗಾಲಯ ಬೇಕಿಲ್ಲ.

ಹುಳುಗಳಿಗೂ ತಮ್ಮದೇ ಆದ ಗಂಧಭಾಷೆಯುಂಟು. ಅಂಥ ಸಂಕೇತದ್ರವ್ಯಗಳಿಗೆ ‘ಫೆರೋಮೋನ್’ ಎಂಬ ಹೆಸರು ಬಂದದ್ದು 1959ರಲ್ಲಿ. ಅಕ್ಕಿಯ ಮೂತಿಹುಳು ತಿಂಗಳುಗಟ್ಟಲೆ ಬದುಕಿ ಕಾಳನ್ನು ತಿನ್ನುತ್ತಲೇ ಇರುತ್ತದೆ. ಅದರ ಗಂಡು ಸೂಸುವ ಗಂಧ ಹೆಣ್ಣು ಗಂಡುಗಳೆರಡನ್ನೂ ಒಂದೆಡೆ ಕೂಡಿಸುತ್ತದೆ. ಇಲ್ಲಿ ಊಟವಿದೆ ಬನ್ನಿ ಎಂಬಂತೆ. ಮೇಲೆ ಹೇಳಿದ ಎರಡು ದುಂಬಿಗಳ ಪ್ರೌಢಜೀವನವಾದರೋ ಕೆಲವೇ ವಾರಗಳದು; ಆಗ ಅವಕ್ಕೆ ಆಹಾರದ ಚಿಂತೆಯೂ ಅಷ್ಟಾಗಿ ಇಲ್ಲ. ಅಲ್ಲಿ ಕರೆಯುವುದು ಹೆಣ್ಣು, ಬರುವುದು ಗಂಡು. ಆ ಹೆಣ್ಣುಗಳ ಗಂಧದ್ರವ್ಯಗಳಾದ ಸ್ಟೆಗೋಬಿನೋನ್ ಮತ್ತು ಸೆರಿಕಾರ್ನಿನ್ 1970ರ ದಶಕದ ಕೊನೆಯಲ್ಲಿ ಗುರುತಿಸಲ್ಪಟ್ಟವು. ಓಲೆಯನ್ನು ಕೊರೆಯುವುದು ಮರಿಹುಳು. ಅದು ಎಲ್ಲಿ ಹುಟ್ಟಬೇಕೆಂಬುದನ್ನು ತಾಯಿ ಮೊಟ್ಟೆಯಿಡುವ ಗಳಿಗೆಯಲ್ಲಿ ನಿರ್ಧರಿಸುತ್ತಾಳೆ. ನಾವಿಟ್ಟ ಗಂಧ ಹುಳುವನ್ನು ದೂರವಿಡಬಲ್ಲುದಾದರೆ ಅದು ಮುಖ್ಯವಾಗಿ ಆ ಒಂದು ಗಳಿಗೆಯಲ್ಲಿ. ಒಳಗೆ ಸುರಂಗ ಕೊರೆದು ಕುಳಿತ ಮರಿಯನ್ನು ಹೊರಗಿನ ಪರಿಮಳ ಸುಲಭವಾಗಿ ಅಲುಗಿಸದು.

ಆದಕಾರಣ ಕಟ್ಟನ್ನು ಬಿಚ್ಚಬೇಕು. ಜೈನರ ಶ್ರುತಪಂಚಮಿ ಜ್ಯೇಷ್ಠ ಶುದ್ಧ ಪಂಚಮಿಯಂದು ಬರುತ್ತದೆ, ಅಂದರೆ ಕನ್ನಡನಾಡಿನಲ್ಲಿ ಮುಂಗಾರಿನ ಹೊಸ್ತಿಲಲ್ಲಿ. ಷಟ್ಖಂಡಾಗಮದ ರಚನೆ ಪೂರ್ಣಗೊಂಡ ನೆನಪಿಗೆ ಆಚರಿಸುವ ಆ ದಿನ ಶಾಸ್ತ್ರಗ್ರಂಥಗಳನ್ನು ಹೊರತೆಗೆದು, ಧೂಳು ಝಾಡಿಸಿ, ಹೊಸ ವಸ್ತ್ರದಲ್ಲಿ ಕಟ್ಟಿ ಪೂಜಿಸುತ್ತಾರೆ. ಮಳೆ ಮುಗಿದ ಮೇಲೆ ಶರನ್ನವರಾತ್ರಿಯ ಸರಸ್ವತೀಪೂಜೆ ಮತ್ತೊಮ್ಮೆ ಪುಸ್ತಕಗಳನ್ನು ಹೊರತರುತ್ತದೆ. ಬೆಚ್ಚನೆಯ, ತೇವದ ಹವೆಯಲ್ಲಿ ಈ ದುಂಬಿಗಳ ಒಂದು ತಲೆಮಾರು ಎರಡು ಮೂರು ತಿಂಗಳಲ್ಲಿ ಮುಗಿಯುತ್ತದೆ. ಎರಡು ಹಬ್ಬಗಳ ನಡುವಿನ ಅಂತರವೂ ಹೆಚ್ಚುಕಡಿಮೆ ನಾಲ್ಕು ತಿಂಗಳು. ಹಬ್ಬಗಳು ಹುಳುವಿಗಾಗಿಯೇ ಹುಟ್ಟಿದುವೆಂದು ನಾನು ವಾದಿಸುವುದಿಲ್ಲ. ಅವುಗಳ ಧಾರ್ಮಿಕ ಕಾರಣಗಳು ಸ್ಪಷ್ಟವಾಗಿವೆ. ಆದರೆ ಮಳೆಗೆ ಮುಂಚೆ ಕಾಳನ್ನು ಬಿಸಿಲಿಗೆ ಹರಡುವ ಸಮಾಜವೇ ಅದೇ ದಿನಗಳಲ್ಲಿ ಓಲೆಯನ್ನೂ ಬಿಚ್ಚಿತೆಂಬುದು ಗಮನಾರ್ಹ. ಮೂಡಬಿದಿರೆಯಲ್ಲಿ ಹಳಗನ್ನಡ ಲಿಪಿಯ ಧವಳಾ ಓಲೆಗಳು 12ನೆಯ ಶತಮಾನದಿಂದ ಕರಾವಳಿಯ ಮಳೆಯನ್ನು ದಾಟಿ, ಎಷ್ಟೋ ಗರಿಗಳನ್ನು ಕಳೆದುಕೊಂಡೂ, ನಮ್ಮವರೆಗೆ ಬಂದಿವೆ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಮಾಡಿಸಿದ ಸಾವಿರ ಪ್ರತಿಗಳಲ್ಲಿ ಒಂದೂ ಉಳಿಯಲಿಲ್ಲ. ಉಳಿದದ್ದು ಪ್ರತಿಯ ಪ್ರತಿಗಳು.

ಲಿಪಿಕಾರರು ಪ್ರತಿಯ ಕೊನೆಯಲ್ಲಿ ಬರೆಯುವ ಪ್ರಸಿದ್ಧ ಸಂಸ್ಕೃತ ಶ್ಲೋಕದಲ್ಲಿ ಪುಸ್ತಕವೇ ಬೇಡಿಕೊಳ್ಳುವ ರಕ್ಷಣೆಗಳಲ್ಲಿ ಒಂದು ಸಡಿಲವಾದ ಕಟ್ಟಿನಿಂದ. ಈ ಮಾತನ್ನು ನಾವು ಗರಿಗಳು ಚದುರುವ ಭಯವೆಂದಷ್ಟೇ ಓದುತ್ತೇವೆ. ಕರಾವಳಿಯಲ್ಲಿ ಅಕ್ಕಿಯ ಮುಡಿಯನ್ನು ಹುಲ್ಲಿನ ಹಗ್ಗದಿಂದ ಬಿಗಿದು ಬಿಗಿದು ಕಟ್ಟುವುದನ್ನು ಕಂಡವರಿಗೆ ಇನ್ನೊಂದು ಅರ್ಥವೂ ಹೊಳೆದೀತು: ಸಂದಿಯಿಲ್ಲದ ಕಡೆ ಮೊಟ್ಟೆಗೆ ಜಾಗವಿಲ್ಲ. ಬಯಲುಸೀಮೆಯ ಹಗೇವು ಇನ್ನೂ ಮುಂದೆ ಹೋಗಿ ಗಾಳಿಯನ್ನೇ ಕಟ್ಟಿಹಾಕುತ್ತದೆ. ಕಾಳಿನ ಉಸಿರಿನಿಂದಲೇ ಆಮ್ಲಜನಕ ಕುಗ್ಗಿ ಹುಳು ಸಾಯುತ್ತದೆ. ಹಗೇವನ್ನು ತೆರೆದೊಡನೆ ಇಳಿದ ಮನುಷ್ಯನಿಗೂ ಅದೇ ಗತಿ. ಇಂದಿನ ಸಂಗ್ರಹಾಲಯಗಳು ಸಾರಜನಕ ತುಂಬಿದ ಚೀಲಗಳಲ್ಲಿ ಪುಸ್ತಕಗಳನ್ನಿಟ್ಟು ಮಾಡುವುದೂ ತತ್ತ್ವತಃ ಇದನ್ನೇ. ಶ್ಲೋಕ ಎಣ್ಣೆಯಿಂದಲೂ ರಕ್ಷಣೆ ಬೇಡುತ್ತದೆ, ನಾವಾದರೋ ಇಂದು ಓಲೆಗಳಿಗೆ ಮಜ್ಜಿಗೆಹುಲ್ಲಿನ ತೈಲವನ್ನು ಸವರುತ್ತೇವೆ! ಆ ತೈಲ ಗರಿಗೆ ಮೆದುತನವನ್ನು ಕೊಡುತ್ತದೆ, ಕೆಲಕಾಲ ಕೀಟವನ್ನೂ ದೂರವಿಡುತ್ತದೆ. ಆದರೆ ಹಾರಿಹೋಗುವ ಗುಣವೇ ಅದರ ಗಂಧದ ಮೂಲವಾದ್ದರಿಂದ ಮತ್ತೆ ಮತ್ತೆ ಸವರದೆ ಗತಿಯಿಲ್ಲ.

ಸಂಪಾದಕರಿಗೆ ಇದರಿಂದ ಎರಡು ಕೆಲಸಗಳಿವೆ. ಕಟ್ಟನ್ನು ಶುಚಿಗೊಳಿಸುವಾಗ ವಸ್ತ್ರದ ಮಡಿಕೆಯಲ್ಲಿ ಸಿಕ್ಕುವ ಬೇರಿನ ತುಂಡು, ಎಲೆಯ ಪುಡಿಗಳನ್ನು ಕಸವೆಂದು ಎಸೆಯುವ ಮೊದಲು ಸೂಚಿಯಲ್ಲಿ ಒಂದು ಸಾಲು ಬರೆದಿಡಬೇಕು. ಆ ಪ್ರತಿ ಯಾರ ಮನೆಯಲ್ಲಿ, ಹೇಗೆ ಬಾಳಿತ್ತೆಂಬುದಕ್ಕೆ ಅದು ಸಾಕ್ಷಿ. ಮತ್ತೊಂದು, ರಂಧ್ರಗಳದು. ಗೆದ್ದಲು ಅಂಚಿನಿಂದ ಅಡ್ಡಾದಿಡ್ಡಿಯಾಗಿ ಮೇಯುತ್ತದೆ, ದುಂಬಿಯ ಮರಿಯಾದರೆ ಗರಿಯಿಂದ ಗರಿಗೆ ದುಂಡಾಗಿ ಕೊರೆಯುತ್ತದೆ. ಅಂಥ ರಂಧ್ರ ಅನುಕ್ರಮವಾದ ಗರಿಗಳಲ್ಲಿ ಹೆಚ್ಚುಕಡಿಮೆ ಒಂದೇ ಸ್ಥಾನದಲ್ಲಿರುತ್ತದೆ. ಪತ್ರಾಂಕ ಅಳಿಸಿಹೋದ, ಕ್ರಮ ತಪ್ಪಿದ ಕಟ್ಟಿನಲ್ಲಿ ರಂಧ್ರಗಳನ್ನು ಒಂದರ ಮೇಲೊಂದು ಹೊಂದಿಸಿ ನೋಡಿದರೆ, ಹುಳು ತಿನ್ನುವಾಗ ಯಾವ ಗರಿಯ ಕೆಳಗೆ ಯಾವ ಗರಿ ಇತ್ತೆಂಬುದು ತಿಳಿಯುತ್ತದೆ.